ಮೊದಲ ರೈಫಲ್ ಕೊಳ್ಳುವ ಮುನ್ನ ಮೈಯಳತೆ ನೋಡಿ

ಪಾಂಡವಪುರದ ಕಡೆಯ ಒಬ್ಬ ಅಜ್ಜ ಕಳೆದ ಬೇಸಿಗೆ ರಜೆಯಲ್ಲಿ ಮೊಮ್ಮಗನನ್ನು ಕರೆದುಕೊಂಡು ಮೈಸೂರಿಗೆ ಬಂದಿದ್ದರು. ಭಾನುವಾರಗಳಲ್ಲಿ ನಾನು ಮಕ್ಕಳಿಗೆ ಏರ್ ರೈಫಲ್ ಹೇಳಿಕೊಡುತ್ತೇನೆ. ಹುಡುಗನಿಗೆ ಹದಿಮೂರು ವರ್ಷ. ಅವನು ಸಾಲಾಗಿ ಇಟ್ಟಿದ್ದ ರೈಫಲ್‌ಗಳನ್ನೇ ನೋಡುತ್ತಾ ನಿಂತುಬಿಟ್ಟ. ಅಜ್ಜ ಮೆಲ್ಲಗೆ ನನ್ನ ಹತ್ತಿರ ಬಂದು ಕೇಳಿದರು: “ಅಲ್ಲಾ ಮೇಡಮ್ಮೋರೆ, ಇದ್ರಲ್ಲಿ ನಮ್ ಕಬ್ಬಿನ ಗದ್ದೆ ನರಿ ಹೊಡೀಬೋದಾ? ಜಿಂಕೆಗೆ ಸಾಕಾಯ್ತದಾ?”

ಈ ಪ್ರಶ್ನೆ ನನಗೆ ಹೊಸದಲ್ಲ. ಮಂಡ್ಯ, ಮೈಸೂರಿನ ಹಳ್ಳಿಗಳಿಂದ ಬರುವ ಹತ್ತು ಜನರಲ್ಲಿ ಒಬ್ಬರಾದರೂ ಕೇಳುತ್ತಾರೆ. ಹಾಗಾಗಿ ಮೊದಲು ಅದನ್ನೇ ಹೇಳಿ ಮುಂದೆ ಹೋಗುತ್ತೇನೆ.

ಹೊಡೆಯುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈಗ ನರಿ, ಜಿಂಕೆ, ಕಾಡುಕುರಿ, ನವಿಲು, ಇವು ಯಾವುದನ್ನೂ ಬೇಟೆಯಾಡುವಂತಿಲ್ಲ. ಕೊಂದರೆ ಮಾತ್ರ ತಪ್ಪು ಅಂತಲ್ಲ. ಉರುಳು ಹಾಕುವುದು, ಅಟ್ಟಿಸಿಕೊಂಡು ಹೋಗುವುದು, ಹೊಡೆಯಲು ಪ್ರಯತ್ನಿಸುವುದು ಕೂಡ ಕಾಯ್ದೆಯ ಲೆಕ್ಕದಲ್ಲಿ ಬೇಟೆಯೇ. ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿಯಾದರೆ ಕನಿಷ್ಠ 3 ವರ್ಷ ಜೈಲು. ಬೆಳೆ ಹಾಳಾಗುತ್ತಿದ್ದರೆ ವಲಯ ಅರಣ್ಯಾಧಿಕಾರಿ ಕಚೇರಿಗೆ ಅರ್ಜಿ ಕೊಟ್ಟು ಪರಿಹಾರ ಕೇಳಬೇಕು. ಅದು ನಿಧಾನದ ದಾರಿ, ರೈತರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಕಬ್ಬಿನ ಗದ್ದೆಯಲ್ಲಿ ಇಲಿ ಹಿಡಿಯುವುದು ಅದೇ ನರಿ ಅಲ್ವಾ? ಒಳ್ಳೆಯದೇನಾದರೂ ಆದರೆ “ಬೆಳಿಗ್ಗೆ ನರಿ ಮುಖ ನೋಡಿ ಎದ್ದಿದ್ದೀಯ” ಅನ್ನುವ ಊರು ನಮ್ಮದು. ಅಜ್ಜನಿಗೂ ಇದನ್ನೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರೆ ಹುಡ್ಗುಂಗೆ ಗುರಿ ಕಲ್ಸಿ” ಅಂದರು.

ಮೈಸೂರಿನಲ್ಲಿ ಬೇಟೆಯ ನೆನಪು ದೊಡ್ಡದು. ಅರಮನೆಯವರ ಬೇಟೆ, ಕಾಕನಕೋಟೆಯಲ್ಲಿ ಕಾಡಾನೆ ಹಿಡಿಯುತ್ತಿದ್ದ ಖೆಡ್ಡಾ, ಹುಲಿ ಚಿರತೆಗಳ ಚರ್ಮಕ್ಕೆ ಜೀವಂತ ರೂಪ ಕೊಡುತ್ತಿದ್ದ ವ್ಯಾನ್ ಇಂಗೆನ್ ಕಾರ್ಖಾನೆ, ಇವೆಲ್ಲ ಇಲ್ಲಿಯದೇ. ಆ ಕಾಲ ಮುಗಿದಿದೆ. ಈಗ ರೈಫಲ್ ಹಿಡಿಯುವ ಆಸೆ ಇರುವ ಮಕ್ಕಳಿಗೆ ಒಳ್ಳೆಯ ದಾರಿ 10 ಮೀಟರ್ ಏರ್ ರೈಫಲ್, ಅಂದರೆ ಗಾಳಿಯ ಒತ್ತಡದಿಂದ ಹತ್ತು ಮೀಟರ್ ದೂರದ ಗುರಿಗೆ ಹೊಡೆಯುವ ಸ್ಪರ್ಧೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದಿದ್ದು ಇದರಲ್ಲೇ. ಕೊನೆಯ ಗುಂಡಿಗೆ ಅವರು 10.8 ಹೊಡೆದರು. ಒಂದು ಗುಂಡಿಗೆ ಗರಿಷ್ಠ ಅಂಕ ಇರುವುದೇ 10.9.

ಕೊಳ್ಳಬೇಡಿ, ಮೊದಲು ಮೂರು ತಿಂಗಳು ಹೊಡೆಯಿರಿ

ಮೊದಲ ಹೆಜ್ಜೆ ಅಂಗಡಿಗೆ ಅಲ್ಲ, ರೇಂಜ್‌ಗೆ, ಅಂದರೆ ಗುರಿ ಅಭ್ಯಾಸ ಮಾಡುವ ಜಾಗಕ್ಕೆ. ಅಲ್ಲಿರುವ ರೈಫಲ್‌ನಲ್ಲೇ ಮೂರು ತಿಂಗಳು ಅಭ್ಯಾಸ ಮಾಡಲಿ. ಮಗುವಿಗೆ ನಿಜವಾಗಿ ಇಷ್ಟವಿದೆಯೋ ಇಲ್ಲವೋ ಅಷ್ಟರಲ್ಲಿ ಗೊತ್ತಾಗುತ್ತದೆ. ಈ ಆಟ ನೋಡಲು ಬೇಜಾರು. ಓಡಾಟ ಇಲ್ಲ, ಕೂಗಾಟ ಇಲ್ಲ. ಸ್ಪರ್ಧೆಯಲ್ಲಿ 60 ಗುಂಡು, 75 ನಿಮಿಷ, ನಿಂತೇ ಹೊಡೆಯಬೇಕು. ಗುರಿಯ ನಡುವಿನ ಹತ್ತರ ಚುಕ್ಕಿ ಅರ್ಧ ಮಿಲಿಮೀಟರ್ ಅಷ್ಟೇ, ಪೆನ್ನಿನಲ್ಲಿ ಇಟ್ಟ ಚುಕ್ಕಿಯಷ್ಟು. ಅದನ್ನು ಗಂಟೆಗಟ್ಟಲೆ ನೋಡುತ್ತಾ ನಿಲ್ಲುವ ತಾಳ್ಮೆ ಕೆಲವು ಮಕ್ಕಳಿಗೆ ತಾನಾಗಿಯೇ ಇರುತ್ತದೆ. ಕೆಲವರಿಗೆ ಬರುತ್ತದೆ. ಕೆಲವರಿಗೆ ಬರುವುದೇ ಇಲ್ಲ, ಅದರಲ್ಲಿ ತಪ್ಪೇನೂ ಇಲ್ಲ.

ನಾನು ಈ ಮಾತು ಒತ್ತಿ ಹೇಳಲು ಕಾರಣವಿದೆ. ಎನ್‌ಸಿಸಿಯಲ್ಲಿ ಪಾಯಿಂಟ್ ಟೂ ಟೂ ರೈಫಲ್ ಹೊಡೆದ ಹುರುಪಿನಲ್ಲಿ, ಹತ್ತೊಂಬತ್ತನೇ ವಯಸ್ಸಿಗೆ, ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡಿನಲ್ಲಿ ಒಂದು ಏರ್‌ಗನ್ ಕೊಂಡೆ. ಅಂಗಡಿಯವರು “ಇದು ಪವರ್ ಜಾಸ್ತಿ, ಸ್ಕೋಪೂ ಫ್ರೀ” ಅಂದರು. ನಂಬಿದೆ. ರೇಂಜ್‌ಗೆ ತಂದಾಗ ಗೊತ್ತಾಯಿತು, ಈ ಸ್ಪರ್ಧೆಯಲ್ಲಿ ಸ್ಕೋಪ್, ಅಂದರೆ ಗುರಿ ದೊಡ್ಡದಾಗಿ ತೋರಿಸುವ ದುರ್ಬೀನು, ಬಳಸುವಂತೆಯೇ ಇಲ್ಲ. ಸ್ಪ್ರಿಂಗ್ ಎಷ್ಟು ಗಟ್ಟಿಯಾಗಿತ್ತು ಅಂದರೆ ಇಪ್ಪತ್ತು ಸಲ ಎಳೆದರೆ ಭುಜ ಹಿಡಿದುಕೊಳ್ಳುತ್ತಿತ್ತು. ಹೊಡೆದಾಗಲೆಲ್ಲ ಇಡೀ ಬಂದೂಕು ಕುಣಿಯುತ್ತಿತ್ತು. ಎರಡು ವರ್ಷ ನನ್ನ ಗುರಿ ಸುಧಾರಿಸಲಿಲ್ಲ. ತಪ್ಪು ನನ್ನ ಕೈಯದು ಅಂದುಕೊಂಡು ಅಳುತ್ತಿದ್ದೆ. ಕೊನೆಗೆ ಅರ್ಧ ಬೆಲೆಗೆ ಮಾರಿದೆ. ಆಗ ಯಾರಾದರೂ ಒಂದು ಮಾತು ಹೇಳಿದ್ದರೆ ಸಾಕಿತ್ತು.

ಆ ಮಾತು ಇದು: ಗುರಿಗೆ ಪವರ್ ಬೇಡ. ಸ್ಪರ್ಧೆಯ ರೈಫಲ್‌ನಿಂದ ಗುಂಡು ಹೊರಡುವ ವೇಗ ಸೆಕೆಂಡಿಗೆ ಸುಮಾರು 175 ಮೀಟರ್. ಶಕ್ತಿ ಎಂಟು ಜೂಲ್‌ನ ಆಸುಪಾಸು. ಹತ್ತು ಮೀಟರ್ ದೂರದ ಕಾಗದ ತೂತು ಮಾಡಲು ಅಷ್ಟು ಬೇಕಾದಷ್ಟಾಯಿತು.

ಕಾನೂನು

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿ.ಮೀ. (ಅಂಗಡಿಯವರು ಪಾಯಿಂಟ್ ಒನ್ ಸೆವೆನ್ ಸೆವೆನ್ ಅನ್ನುತ್ತಾರೆ) ನಳಿಗೆಯ, 20 ಜೂಲ್ ಮೀರದ ಏರ್ ರೈಫಲ್‌ಗೆ ಲೈಸೆನ್ಸ್ ಬೇಕಿಲ್ಲ. ಅದಕ್ಕಿಂತ ದಪ್ಪ ನಳಿಗೆ ಅಥವಾ ಜಾಸ್ತಿ ಶಕ್ತಿಯದಾದರೆ ಲೈಸೆನ್ಸ್ ಬೇಕೇ ಬೇಕು. ಲೈಸೆನ್ಸ್ ಬೇಡ ಅಂದರೆ ಲೆಕ್ಕವೂ ಬೇಡ ಅಂತಲ್ಲ. ಅಂಗಡಿಯವರು ಗುರುತು, ವಿಳಾಸದ ದಾಖಲೆ ತೆಗೆದುಕೊಳ್ಳುತ್ತಾರೆ. ರೈಫಲ್‌ನ ನಂಬರ್ ಬರೆದ ಬಿಲ್ ಕೇಳಿ ಪಡೆಯಿರಿ. ಅದರ ಜೆರಾಕ್ಸ್ ಯಾವಾಗಲೂ ರೈಫಲ್ ಪೆಟ್ಟಿಗೆಯಲ್ಲೇ ಇರಲಿ. ಮಂಡ್ಯದಿಂದ ಬಸ್ಸಿನಲ್ಲಿ ಬರುವ ಮಕ್ಕಳಿಗೆ ಇದು ಬಹಳ ಮುಖ್ಯ. ಬೀಗ ಹಾಕಿದ ಗಟ್ಟಿ ಪೆಟ್ಟಿಗೆ, ಒಳಗೆ ಬಿಲ್, ಜೊತೆಗೆ ದೊಡ್ಡವರೊಬ್ಬರು.

ಯಾವ ಕಣ್ಣು?

ರೈಫಲ್ ಬಲಗೈಯದೋ ಎಡಗೈಯದೋ ಎಂದು ತೀರ್ಮಾನಿಸುವುದು ಕೈ ಅಲ್ಲ, ಕಣ್ಣು. ಎರಡೂ ಕೈ ಮುಂದಕ್ಕೆ ಚಾಚಿ, ಹೆಬ್ಬೆರಳು ತೋರುಬೆರಳು ಸೇರಿಸಿ ಸಣ್ಣ ಕಿಂಡಿ ಮಾಡಿ. ಅದರೊಳಗಿಂದ ಎರಡೂ ಕಣ್ಣು ಬಿಟ್ಟುಕೊಂಡು ಗೋಡೆಯ ಗಡಿಯಾರ ನೋಡಿ. ಈಗ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಾಗ ಗಡಿಯಾರ ಕಿಂಡಿಯಲ್ಲೇ ಉಳಿಯುತ್ತದೋ ಅದು ನಿಮ್ಮ ಮುಖ್ಯ ಕಣ್ಣು. ಬಲಗೈಯಲ್ಲಿ ಬರೆಯುವ ಮಗುವಿಗೆ ಎಡಗಣ್ಣು ಮುಖ್ಯವಾಗಿರುವುದು ಅಪರೂಪವೇನಲ್ಲ. ಈಗಷ್ಟೇ ಶುರು ಮಾಡುವ ಮಗುವಾದರೆ ಕಣ್ಣಿನ ಮಾತು ಕೇಳಿ, ಎಡ ಭುಜಕ್ಕೇ ರೈಫಲ್ ಕೊಡಿ ಎನ್ನುವುದು ನನ್ನ ಸಲಹೆ. ಪಾಂಡವಪುರದ ಹುಡುಗ ಎಡಗಣ್ಣಿನವನೇ. ಮೊದಲ ವಾರ ತಡವರಿಸಿದ. ಆಮೇಲೆ ಸಲೀಸಾಯಿತು.

ಕಣ್ಣು ಮುಚ್ಚಿ ಗುರಿ ಹಿಡಿಯುವ ಅಭ್ಯಾಸ ಬೇಡ. ಒಂದು ಕಣ್ಣು ಬಿಗಿದು ಮುಚ್ಚಿದರೆ ಇನ್ನೊಂದಕ್ಕೂ ಆಯಾಸ. ಬೇಡದ ಕಣ್ಣಿನ ಮುಂದೆ ಸಣ್ಣ ಪಟ್ಟಿ ಇಟ್ಟುಕೊಳ್ಳಬಹುದು. ಅದರ ಅಗಲ 30 ಮಿ.ಮೀ. ಮೀರಬಾರದು ಎಂಬ ನಿಯಮವಿದೆ.

ರೈಫಲ್ ಮೈಗೆ ಕೂರಬೇಕು

ಇಲ್ಲಿ ನಿಧಾನ ಮಾಡಿ. ಅರ್ಧ ದಿನ ಹೋದರೂ ಪರವಾಗಿಲ್ಲ.

ಮೊದಲು ಉದ್ದ. ಮಗು ಮೊಣಕೈ ಮಡಚಲಿ. ರೈಫಲ್‌ನ ಹಿಂಬದಿ ಮೊಣಕೈ ಮಡಿಕೆಗೆ ತಾಗಿಸಿ ಹಿಡಿಯಿರಿ. ತೋರುಬೆರಳಿನ ತುದಿಯ ಮೆತ್ತನೆ ಭಾಗ ಟ್ರಿಗರ್‌ಗೆ ಆರಾಮಾಗಿ ಸಿಗಬೇಕು. ಎಟುಕದಿದ್ದರೆ ಉದ್ದ ಜಾಸ್ತಿ. ಬೆರಳು ಮಡಚಿಕೊಂಡು ಒಳಗೆ ಹೋದರೆ ಕಡಿಮೆ. ಮಕ್ಕಳ ರೈಫಲ್‌ನಲ್ಲಿ ಹಿಂಬದಿಯನ್ನು ಹಿಂದೆ ಮುಂದೆ ಸರಿಸಲು ಜಾಗ ಇರಬೇಕು. ಹನ್ನೆರಡು ಹದಿಮೂರರ ಮಗು ಒಂದೇ ವರ್ಷದಲ್ಲಿ ಐದಾರು ಸೆಂಟಿಮೀಟರ್ ಬೆಳೆದುಬಿಡುತ್ತದೆ. ಹಾಗಾಗಿ ಇಂದಿನ ಅಳತೆಗೆ ಸರಿಯಾಗಿ, ಮುಂದಿನ ದಿನಗಳಲ್ಲಿ ಉದ್ದ ಮಾಡಲು ಇನ್ನೂ ಅವಕಾಶ ಉಳಿದಿರುವುದನ್ನು ಆರಿಸಿ. ಶಾಲೆ ಯೂನಿಫಾರಂಗೆ ಮಡಿಕೆ ಬಿಟ್ಟು ಹೊಲಿಸುತ್ತೇವಲ್ಲ, ಹಾಗೆ.

ಆಮೇಲೆ ಕೆನ್ನೆ. ಮಗು ಕಣ್ಣು ಮುಚ್ಚಿಕೊಂಡು ರೈಫಲ್ ಭುಜಕ್ಕಿಟ್ಟು, ತಲೆಯನ್ನು ಕೆನ್ನೆಪಟ್ಟಿಯ ಮೇಲೆ ಸುಮ್ನೆ ಇಳಿಬಿಡಲಿ. ಈಗ ಕಣ್ಣು ತೆರೆದರೆ, ಗುರಿ ನೋಡಲೆಂದು ಇರುವ ಎರಡು ಸೈಟ್‌ಗಳಲ್ಲಿ, ಹಿಂದಿನ ಸೈಟ್‌ನ ತೂತಿನ ನಡುವೆ ಮುಂದಿನ ಸೈಟ್‌ನ ಉಂಗುರ ಕಾಣಬೇಕು. ಹುಡುಕಾಡಬೇಕಾಗಿ ಬಂದರೆ, ಕತ್ತು ಬಗ್ಗಿಸಬೇಕಾದರೆ, ಕೆನ್ನೆಪಟ್ಟಿ ಏರಿಸಿ ಇಳಿಸಿ ಮತ್ತೆ ನೋಡಿ. ಮೂರು ಸಲ ಮಾಡಿದಾಗ ಮೂರು ಸಲವೂ ಹಾಗೇ ಕಾಣಬೇಕು. ಕೆನ್ನೆಪಟ್ಟಿಯನ್ನು ಸರಿಸಲಾಗದ ರೈಫಲ್ ಎಷ್ಟೇ ಚೆಂದವಿದ್ದರೂ ಬಿಟ್ಟುಬಿಡಿ.

ಕೊನೆಗೆ ಭಾರ. ನಿಯಮದಲ್ಲಿ 5.5 ಕಿಲೋ ತನಕ ಅವಕಾಶವಿದೆ. ಅಂದಮಾತ್ರಕ್ಕೆ ಮಗುವಿಗೆ ಅಷ್ಟು ಹೊರಿಸಬೇಕಿಲ್ಲ. ಮೂರೂವರೆ, ನಾಲ್ಕು ಕಿಲೋ ಆಸುಪಾಸಿನದು ಸಾಕು. ಬಲಗೈಯವರಾದರೆ ಎಡ ಮೊಣಕೈ ಸೊಂಟದ ಮೂಳೆಯ ಮೇಲೆ ಊರಬೇಕು. ಭಾರ ಮುಂಗೈ ಮೂಳೆಯಿಂದ ಸೊಂಟಕ್ಕೆ, ಸೊಂಟದಿಂದ ಕಾಲಿಗೆ ಇಳಿಯಬೇಕು. ಮಾಂಸಖಂಡ ಹೊತ್ತರೆ ನಡುಗುತ್ತದೆ, ಮೂಳೆ ಹೊತ್ತರೆ ನಡುಗುವುದಿಲ್ಲ. ತಲೆ ಮೇಲೆ ಬಿಂದಿಗೆ ಹೊತ್ತು ನಡೆಯುವ ಹೆಂಗಸರನ್ನು ನೋಡಿ, ಬೆನ್ನು ನೆಟ್ಟಗಿರುವುದರಿಂದಲೇ ಅವರಿಗೆ ಭಾರ ಗೊತ್ತಾಗುವುದಿಲ್ಲ. ಮುಂಡ ಉದ್ದವಿರುವ ಮಗುವಿಗೆ ಮೊಣಕೈ ಸೊಂಟಕ್ಕೆ ಎಟುಕದೇ ಹೋಗಬಹುದು. ಆಗ ರೈಫಲ್‌ನ ಮುಂಭಾಗದ ಕೆಳಗೆ ಎತ್ತರಿಸುವ ಕಟ್ಟೆ ಬೇಕು. ಅದನ್ನು ಜೋಡಿಸಲು ಸಾಧ್ಯವೇ ಎಂದು ಕೊಳ್ಳುವ ಮೊದಲೇ ಕೇಳಿ.

ಇಷ್ಟಾದ ಮೇಲೆ ಒಂದು ನಿಮಿಷ ಗುರಿ ಹಿಡಿದು ನಿಲ್ಲಿಸಿ. ರೈಫಲ್‌ನ ಮೂತಿ ಮುಂದಕ್ಕೆ ಬಾಗುತ್ತಾ ಬಂದರೆ ತೂಕವೆಲ್ಲ ಮುಂದಿದೆ ಎಂದರ್ಥ.

ಸ್ಪ್ರಿಂಗೋ, ಗಾಳಿ ಸಿಲಿಂಡರ್ರೋ?

ದುಡ್ಡಿನ ಪ್ರಶ್ನೆ ಬರುವುದು ಇಲ್ಲೇ. ಸ್ಪ್ರಿಂಗ್ ರೈಫಲ್ ಅಗ್ಗ, ರಿಪೇರಿ ಸುಲಭ. ಶಾಲಾ ಕ್ರೀಡಾಕೂಟಗಳ ಓಪನ್ ಸೈಟ್ (ಹಿಂದಿನ ಸೈಟ್‌ನಲ್ಲಿ ತೂತಿನ ಬದಲು ತೆರೆದ ಕಚ್ಚು ಇರುವ) ವಿಭಾಗದಲ್ಲಿ ಆಡುವ ಮಗುವಿಗೆ ಮೃದುವಾದ ಸ್ಪ್ರಿಂಗ್‌ನದು ನಡೆಯುತ್ತದೆ. ಮುಂದೆ ಪೀಪ್ ಸೈಟ್ (ತೂತಿನೊಳಗಿಂದ ಗುರಿ ನೋಡುವ) ವಿಭಾಗಕ್ಕೆ ಹೋಗುವ ಆಸೆಯಿದ್ದರೆ ಪಿಸಿಪಿ ಬೇಕು, ಅಂದರೆ ಸಿಲಿಂಡರ್‌ನಲ್ಲಿ ಒತ್ತಿ ತುಂಬಿದ ಗಾಳಿಯಿಂದ ಹೊಡೆಯುವುದು. ಹೊಡೆದಾಗ ಅಲುಗುವುದೇ ಇಲ್ಲ. ವಾಲ್ತರ್, ಫೈನ್‌ವೆರ್ಕ್‌ಬಾವ್, ಅನ್‌ಶುಟ್ಜ್, ಸ್ಟೈಯರ್ ದೊಡ್ಡ ಹೆಸರುಗಳು. ಬೆಲೆ ಲಕ್ಷಗಳಲ್ಲಿ. ಕಲಿಯುವವರಿಗೆಂದೇ ಮಾಡಿದ ಹೆಮ್ಮರ್ಲಿ ಎಆರ್20 ತರಹದವೂ ಇವೆ. ಮೊದಲ ರೈಫಲ್‌ಗೆ ಸಾಲ ಮಾಡಬೇಡಿ, ಒಡವೆ ಅಡ ಇಡಬೇಡಿ. ಹಳೆಯದನ್ನು ಕೊಳ್ಳುವುದರಲ್ಲಿ ಏನೂ ಅವಮಾನವಿಲ್ಲ. ನನ್ನ ಹತ್ತಿರ ಕಲಿತ ಮಕ್ಕಳಲ್ಲಿ ಹೆಚ್ಚಿನವರು ಅಣ್ಣ ಅಕ್ಕಂದಿರು ಬಳಸಿದ ರೈಫಲ್‌ನಲ್ಲೇ ಶುರು ಮಾಡಿದ್ದು.

ಹಳೆಯದಾದರೆ ಸಿಲಿಂಡರ್ ಮೇಲಿನ ತಾರೀಖು ಮೊದಲು ನೋಡಿ. ಅದಕ್ಕೆ ಆಯಸ್ಸಿದೆ. ಅವಧಿ ಮೀರಿದ್ದರೆ ಸ್ಪರ್ಧೆಯಲ್ಲಿ ಬಿಡುವುದಿಲ್ಲ, ಮನೆಯಲ್ಲಿಟ್ಟುಕೊಳ್ಳುವುದೂ ಅಪಾಯ. ಹೊಸ ಸಿಲಿಂಡರ್‌ನ ಬೆಲೆಯನ್ನು ರೈಫಲ್‌ನ ಬೆಲೆಯಿಂದ ಕಳೆದು ಚೌಕಾಸಿ ಮಾಡಿ. ನಳಿಗೆಯ ಬಾಯಿಯ ಅಂಚಿನಲ್ಲಿ ಗೀರು, ಚಿಪ್ಪು ಎದ್ದಿದೆಯೇ ನೋಡಿ. ತುಂಬಿದ ಗಾಳಿ ಮರುದಿನಕ್ಕೂ ಹಾಗೇ ಇದೆಯೇ ಎಂದು ಒಂದು ರಾತ್ರಿ ಬಿಟ್ಟು ಪರೀಕ್ಷಿಸಿ.

ಗಾಳಿ ಎಲ್ಲಿ ತುಂಬಿಸುತ್ತೀರಿ ಎನ್ನುವುದನ್ನೂ ಮೊದಲೇ ಯೋಚಿಸಿ. ಒಬ್ಬ ತಂದೆ ಪಂಕ್ಚರ್ ಅಂಗಡಿಗೆ ಹೋಗಿದ್ದರು. ಕಾರಿನ ಚಕ್ರಕ್ಕೆ ಎರಡು ಬಾರ್ ಒತ್ತಡ ಸಾಕು, ಇದಕ್ಕೆ 200 ಬಾರ್ ಬೇಕು. ರೇಂಜ್‌ನಲ್ಲಿರುವ ದೊಡ್ಡ ಸಿಲಿಂಡರ್‌ನಿಂದ ತುಂಬಿಸುವುದೇ ಸುಲಭ. ಕೈ ಪಂಪು ಇದೆ, ಆದರೆ ಬೆವರು ಇಳಿಯುತ್ತದೆ. ಆಸ್ಪತ್ರೆಯದೋ ವೆಲ್ಡಿಂಗಿನದೋ ಆಮ್ಲಜನಕವನ್ನು ಮಾತ್ರ ಯಾವ ಕಾರಣಕ್ಕೂ ತುಂಬಬೇಡಿ. ಒಳಗಿನ ಎಣ್ಣೆ ಜಿಡ್ಡಿಗೆ ತಾಗಿದರೆ ಸ್ಫೋಟವಾಗುತ್ತದೆ.

ಪೆಲೆಟ್

ಏರ್ ರೈಫಲ್‌ನ ಗುಂಡಿಗೆ ಪೆಲೆಟ್ ಅನ್ನುತ್ತಾರೆ. ಚಪ್ಪಟೆ ಮೂತಿಯದನ್ನು ತೆಗೆದುಕೊಳ್ಳಿ. ಕಾಗದದಲ್ಲಿ ದುಂಡಗೆ, ಚೊಕ್ಕ ತೂತು ಬೀಳುವುದು ಅದರಿಂದಲೇ. ಒಂದು ಪೆಲೆಟ್ ಸುಮಾರು ಅರ್ಧ ಗ್ರಾಂ. ಒಂದೊಂದು ನಳಿಗೆಗೆ ಒಂದೊಂದು ಪೆಲೆಟ್ ಹಿಡಿಸುತ್ತದೆ. ಮೂರ್ನಾಲ್ಕು ಬಗೆಯ ಡಬ್ಬಿಯಿಂದ ಹತ್ತು ಹತ್ತು ಹೊಡೆದು, ಯಾವುದರ ತೂತುಗಳು ಒಂದರ ಮೇಲೊಂದು ಬೀಳುತ್ತವೆ ನೋಡಿ, ಅದನ್ನೇ ಕೊಳ್ಳಿ. ಪೆಲೆಟ್ ಸೀಸದ್ದು. ಹೊಡೆದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಚಕ್ಕುಲಿ, ಬಿಸ್ಕತ್ತು ಮುಟ್ಟಬಾರದು. ಪೆಲೆಟ್ ಅನ್ನು ತುಟಿಯಲ್ಲಿ ಕಚ್ಚಿಕೊಳ್ಳುವ ಚಾಳಿ ಕಂಡರೆ ಅಲ್ಲೇ ನಿಲ್ಲಿಸಿ.

ಜಾಕೆಟ್, ಪ್ಯಾಂಟು, ಶೂಗಳನ್ನು ಈಗಲೇ ಕೊಳ್ಳಬೇಡಿ. ಮಗು ಬೆಳೆಯುತ್ತದೆ, ಅವು ಬೆಳೆಯುವುದಿಲ್ಲ.

ಮನೆಗೆ ತಂದ ಮೇಲೆ

ಮೊದಲ ದಿನವೇ ಅಕ್ಕಪಕ್ಕದ ಮಕ್ಕಳೆಲ್ಲ ಬರುತ್ತಾರೆ, “ಒಂದ್ಸಲ ಕೊಡೋ” ಅನ್ನುತ್ತಾರೆ. ಕೊಡಬಾರದು. ಎಂಟು ಜೂಲ್‌ನ ಪೆಲೆಟ್ ಕಣ್ಣು ಕಳೆಯಲು ಸಾಕು. ಮೂತಿ ಯಾವತ್ತೂ ಮನುಷ್ಯರ ಕಡೆ, ಹಸು ನಾಯಿಗಳ ಕಡೆ ತಿರುಗಬಾರದು, ಖಾಲಿ ಇದ್ದಾಗಲೂ. ಹೊಡೆಯದ ಹೊತ್ತಿನಲ್ಲಿ ನಳಿಗೆಯೊಳಗೆ ಬಣ್ಣದ ಸೇಫ್ಟಿ ದಾರ ಇರಲಿ. ಅದು ಎರಡೂ ಕಡೆ ಹೊರಗೆ ಕಾಣುತ್ತಿದ್ದರೆ ರೈಫಲ್ ಖಾಲಿ ಎಂದು ದೂರದಿಂದಲೇ ಗೊತ್ತಾಗುತ್ತದೆ. ರೈಫಲ್ ಒಂದು ಬೀರುವಿನಲ್ಲಿ, ಪೆಲೆಟ್ ಇನ್ನೊಂದರಲ್ಲಿ, ಎರಡರ ಬೀಗದ ಕೈ ದೊಡ್ಡವರ ಹತ್ತಿರ.

ಮನೆಯಲ್ಲಿ ಗುಂಡಿಲ್ಲದೆ ಅಭ್ಯಾಸ ಮಾಡಿಸಿ. ಬಿಳಿ ಗೋಡೆಯ ಎದುರು ನಿಂತು, ಸೈಟ್ ನೋಡುತ್ತಾ, ಟ್ರಿಗರ್ ಒತ್ತುವುದು ಅಷ್ಟೇ. ದಿನಕ್ಕೆ ಇಪ್ಪತ್ತು ನಿಮಿಷ. ಪಿಸಿಪಿ ರೈಫಲ್‌ಗಳಲ್ಲಿ ಹೆಚ್ಚಿನವಕ್ಕೆ ಇದಕ್ಕೆಂದೇ ಒಂದು ವ್ಯವಸ್ಥೆ ಇರುತ್ತದೆ. ಸ್ಪ್ರಿಂಗ್‌ನದನ್ನು ಪೆಲೆಟ್ ಇಲ್ಲದೆ ಹೊಡೆದರೆ ಒಳಗಿನ ಭಾಗ ಹಾಳಾಗುತ್ತದೆ, ಅದರಲ್ಲಿ ಬರೀ ಹಿಡಿದು ನಿಲ್ಲುವ ಅಭ್ಯಾಸ ಸಾಕು.

ಪಾಂಡವಪುರದ ಅಜ್ಜ ದಸರೆ ಹೊತ್ತಿಗೆ ಫೋನ್ ಮಾಡಿದ್ದರು. ಮೊಮ್ಮಗನಿಗೆ ಹಳೆಯದೊಂದು ರೈಫಲ್ ಸಿಕ್ಕಿತ್ತು. ಆಯುಧ ಪೂಜೆಗೆ ನೇಗಿಲು, ಟ್ರ್ಯಾಕ್ಟರ್ ಪಕ್ಕ ಅದನ್ನೂ ಇಡಬೇಕಂತೆ, ಹೇಗೆ ಅಂತ ಕೇಳಿದರು. ಖಂಡಿತ ಇಡಿ, ಅಂದೆ. ಸಿಲಿಂಡರ್ ಬಿಚ್ಚಿಡಿ, ಸೇಫ್ಟಿ ದಾರ ಹಾಕಿ. ಅರಿಶಿನ ಕುಂಕುಮ ಪೆಟ್ಟಿಗೆಗೆ ಹಚ್ಚಿ, ನಳಿಗೆಗೂ ಸೈಟ್‌ಗೂ ಬೇಡ. ಹೂವನ್ನು ಮರದ ಭಾಗದ ಮೇಲಿಡಿ. ತೀರ್ಥ ಚಿಮುಕಿಸುವಾಗ ಮೇಲೊಂದು ಬಟ್ಟೆ ಮುಚ್ಚಿ.