ಕ್ಯಾಸೆಟ್ ಗೇಮ್ ಮತ್ತೆ ಟಿವಿಗೆ ಬಂತು: ನನ್ನ ಅನುಭವ

ಅಣ್ಣ ಕಂಟ್ರೋಲರ್ ಹಿಡಿದು ಒಂದು ನಿಮಿಷ ಆಡಿರಬೇಕು, ಅಷ್ಟೇ. ಕೈ ನಿಲ್ಲಿಸಿ ಟಿವಿ ಕಡೆ ನೋಡಿದ. "ಏನೋ ಇದು, ಹಾಡು ಓಡ್ತಾ ಇದೆಯಲ್ಲೋ" ಅಂದ.

ನಾವು ಚಿಕ್ಕಂದಿನಲ್ಲಿ ಆಡುತ್ತಿದ್ದ ಕಾಂಟ್ರಾ ಅನ್ನುವ ಗುಂಡು ಹಾರಿಸುವ ಆಟವನ್ನು ಈಗಿನ ಟಿವಿಯಲ್ಲಿ ಓಡಿಸೋಕೆ ಎರಡು ತಿಂಗಳು ಕೂತು ಸೆಟ್ ಮಾಡಿದ್ದೆ. ಚಿತ್ರ ಸ್ವಚ್ಛವಾಗಿತ್ತು, ಶಬ್ದ ಸರಿಯಾಗಿತ್ತು, ಎಲ್ಲಾ ಕಾಂಟ್ರಾದ ಹಾಗೇ ಇತ್ತು. ಆದರೆ ಅಣ್ಣ ಹೇಳಿದ ಮೇಲೆ ನನಗೂ ಕೇಳಿಸಿತು. ನಾವು ಚಿಕ್ಕವರಿದ್ದಾಗ ಕೇಳಿದ ಹಾಡು ಇಷ್ಟು ವೇಗವಾಗಿ ಓಡುತ್ತಿರಲಿಲ್ಲ.

ಆ ಟಿವಿ ಗೇಮ್ ನಮ್ಮ ಮನೆಗೆ ಬಂದದ್ದು 1999ರಲ್ಲಿ. ಹಾಸನಾಂಬೆ ದರ್ಶನಕ್ಕೆ ಅಂತ ಸಕಲೇಶಪುರದಿಂದ ಹಾಸನಕ್ಕೆ ಬಸ್ಸಲ್ಲಿ ಹೋಗಿದ್ದೆವು. ವಾಪಸ್ ಬರುವಾಗ ಬಿ.ಎಂ. ರಸ್ತೆಯ ಅಂಗಡಿಯೊಂದರಲ್ಲಿ ಅಪ್ಪ ಕೊಡಿಸಿದರು. ನಿಂಟೆಂಡೊದ ಫ್ಯಾಮಿಕಾಮ್ 1983ರಲ್ಲಿ ಜಪಾನಿನಲ್ಲಿ ಬಂದದ್ದು. ಅದರ ನಕಲು ಡಬ್ಬ ನಮ್ಮದು. ಹೆಸರು ಯಾರಿಗೆ ಬೇಕಿತ್ತು? ನಮಗೆ ಅದು ಟಿವಿ ಗೇಮ್, ಅದಕ್ಕೆ ಹಾಕುವುದು ಕ್ಯಾಸೆಟ್. ಎರಡು ಕ್ಯಾಸೆಟ್ ಇದ್ದವು. ಒಂದು 9999999 ಇನ್ 1, ಇನ್ನೊಂದು ಬರೀ ಕಾಂಟ್ರಾ.

ಡಬ್ಬ ಯಾವಾಗಲೋ ಸತ್ತಿತ್ತು. ಕ್ಯಾಸೆಟ್‌ಗಳು ಮಾತ್ರ ಅಟ್ಟದ ಮೇಲೆ ಬಿಸ್ಕತ್ ಡಬ್ಬದಲ್ಲಿ ಸಿಕ್ಕವು. ಬಿಚ್ಚಿ ನೋಡಿದೆ. ಒಳಗೆ ಅಂಗೈಯಗಲದ ಬೋರ್ಡ್, ಅದರ ಮೇಲೆ ಟಾರು ಸುರಿದ ಹಾಗೆ ಕಪ್ಪು ಉಂಡೆ. ಚಿಪ್ಪು ಅದರ ಅಡಿಯಲ್ಲಿ. ಅಂಚಿನಲ್ಲಿ 60 ಪಿನ್ನು. ನಮ್ಮ ಕಡೆ ಮಳೆಗಾಲದ ಥಂಡಿ ಗೊತ್ತಲ್ವಾ, ಪಿನ್ನುಗಳೆಲ್ಲ ಹಸಿರುಗಟ್ಟಿದ್ದವು. ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಇಯರ್ ಬಡ್ ಅದ್ದಿ ಒಂದೊಂದೇ ಪಿನ್ನು ಉಜ್ಜಿದೆ. ಹನ್ನೆರಡು ಬಡ್ ಕಪ್ಪಾದ ಮೇಲೆ ತಾಮ್ರ ಹೊಳೆಯಿತು. ಚಿಕ್ಕಂದಿನಲ್ಲಿ ಕ್ಯಾಸೆಟ್ ಓಡದಿದ್ದರೆ ಬಾಯಿಂದ ಊದುತ್ತಿದ್ದೆವು. ಅದರಿಂದ ಲಾಭ ಇರಲಿಲ್ಲ. ಉಸಿರಿನ ತೇವದಿಂದ ಪಿನ್ನು ಇನ್ನೂ ಬೇಗ ಹಾಳಾಗುತ್ತದೆ.

ಬೆಂಗಳೂರಿನ ಗೆಳೆಯನ ಹತ್ತಿರ ಕ್ಯಾಸೆಟ್ ಓದಿ ಒಳಗಿನ ಆಟವನ್ನು ಫೈಲ್ ಮಾಡಿಕೊಡುವ ಡಂಪರ್ ಇತ್ತು. ಕಾಂಟ್ರಾ ಮೊದಲನೇ ಸಲಕ್ಕೇ ಬಂತು, 128 ಕಿಲೋಬೈಟ್. ಇವತ್ತು ಫೋನಲ್ಲಿ ತೆಗೆಯುವ ಒಂದು ಫೋಟೊ ಇದರ ಹತ್ತಾರು ಪಟ್ಟು ದೊಡ್ಡದು. 9999999 ಇನ್ 1 ಮಾತ್ರ ಬರಲೇ ಇಲ್ಲ. ಇಂಥ ಕ್ಯಾಸೆಟ್‌ಗಳಲ್ಲಿ ಆಟದಿಂದ ಆಟಕ್ಕೆ ಜಿಗಿಯುವ ಸರ್ಕ್ಯೂಟ್ ಒಬ್ಬೊಬ್ಬರದು ಒಂದೊಂದು ತರ. ನಮ್ಮದು ಯಾವುದು ಅಂತ ಡಂಪರ್‌ಗೆ ತಿಳಿಯಲಿಲ್ಲ. ಇಂಟರ್‌ನೆಟ್‌ನಲ್ಲಿ ಸಿಗುವ ರೋಮ್ ಫೈಲುಗಳನ್ನು, ಅಂದರೆ ಬೇರೆಯವರು ಕ್ಯಾಸೆಟ್ಟಿನಿಂದ ತೆಗೆದ ಆಟಗಳ ಫೈಲುಗಳನ್ನು, ಇಳಿಸಿಕೊಳ್ಳಲು ನನಗೆ ಮನಸ್ಸಿಲ್ಲ. ಆಟ ಹಳೇದಾದರೂ ಅದರ ಹಕ್ಕು ಇನ್ನೂ ಮಾಡಿದವರದೇ. ಅದರ ಬದಲು ಮೈಕ್ರೋ ಮೇಜಸ್ ಕೊಂಡೆ. ಅದು 2019ರಲ್ಲಿ ಹಳೇ ಎನ್‌ಇಎಸ್‌ಗೆ (ಜಪಾನಿನ ಹೊರಗೆ ಫ್ಯಾಮಿಕಾಮ್‌ಗೆ ಇದ್ದ ಹೆಸರು) ಅಂತಲೇ ಬರೆದ ಹೊಸ ಆಟ. ನಾಲ್ಕು ಜನ ಒಟ್ಟಿಗೆ ಆಡಬಹುದು. ಇಡೀ ಆಟ ಬರೀ 40 ಕಿಲೋಬೈಟ್, ಮೊದಲ ಸೂಪರ್ ಮಾರಿಯೋದಷ್ಟೇ. ನೋವಾ ದ ಸ್ಕ್ವಿರಲ್ ಅಂತ ಇನ್ನೊಂದಿದೆ, ಅದು ಪೂರ್ತಿ ಉಚಿತ.

ಇನ್ನು ಪೆಟ್ಟಿಗೆ. ಮನೆಯಲ್ಲಿ ಸಿನಿಮಾ ನೋಡೋಕೆ ರಾಸ್ಪ್‌ಬೆರಿ ಪೈ 4 ಅನ್ನುವ ಅಂಗೈಯಗಲದ ಕಂಪ್ಯೂಟರ್ ಆಗಲೇ ಇತ್ತು. ಅದರಲ್ಲಿ ಲಿಬ್ರೆಎಲೆಕ್ ಅನ್ನುವ ಆಪರೇಟಿಂಗ್ ಸಿಸ್ಟಂ, ಅದರ ಮೇಲೆ ಸಿನಿಮಾ ತೋರಿಸುವ ಕೋಡಿ. ಕೋಡಿ 18 ಬಂದಾಗಿನಿಂದ, ಅಂದರೆ 2019ರಿಂದ, ಅದರೊಳಗೇ ಆಟ ಆಡಬಹುದು. ಆ್ಯಡ್-ಆನ್‌ಗಳಲ್ಲಿ ಎಮ್ಯುಲೇಟರ್ (ಹಳೇ ಗೇಮ್ ಯಂತ್ರದ ಹಾಗೆ ನಡೆದುಕೊಳ್ಳುವ ಪ್ರೋಗ್ರಾಂ) ಹಾಕಿಕೊಂಡು, ಕಂಟ್ರೋಲರ್ ಬಟನ್‌ಗಳನ್ನು ಒಂದ್ಸಲ ತೋರಿಸಿಕೊಟ್ಟರೆ ಮುಗಿಯಿತು. ಸುಮ್ನೆ ಭಾನುವಾರ ಒಂದು ಗಂಟೆ ಆಡುತ್ತೇವೆ ಅನ್ನುವವರಿಗೆ ಇದು ಧಾರಾಳ ಸಾಕು. ನನಗೆ ಒಳಗಿನ ಸೆಟ್ಟಿಂಗ್ ಜಾಸ್ತಿ ಬೇಕಿತ್ತು. ಹಾಗಾಗಿ ಬೇರೆ ಎಸ್‌ಡಿ ಕಾರ್ಡಿಗೆ ರೆಟ್ರೋಪೈ ಹಾಕಿ (ಹಳೇ ಆಟಗಳಿಗೆ ಅಂತಲೇ ಮಾಡಿದ ಸಾಫ್ಟ್‌ವೇರ್), ಅದರೊಳಗೆ ಕೋಡಿಯನ್ನು ಸೇರಿಸಿಕೊಂಡೆ. ಈಗ ಪೈ ಆನ್ ಆದರೆ ಆಟಗಳ ಪಟ್ಟಿ ಬರುತ್ತದೆ, ಅದರಲ್ಲೇ ಕೋಡಿಯೂ ಒಂದು. ಅಮ್ಮ ಟಿವಿ ರಿಮೋಟಿನಲ್ಲೇ ಕೋಡಿ ನಡೆಸುತ್ತಾರೆ.

ಆಟ ತುಂಬುವುದು ಸುಲಭ. ಪೆನ್ ಡ್ರೈವಿನಲ್ಲಿ ರೆಟ್ರೋಪೈ ಅಂತ ಒಂದು ಫೋಲ್ಡರ್ ಮಾಡಿ ಪೈಗೆ ಚುಚ್ಚಬೇಕು. ಹೆಸರು ಇಂಗ್ಲಿಷಿನ ಸಣ್ಣ ಅಕ್ಷರದಲ್ಲೇ ಇರಲಿ. ಒಳಗೆ ಬೇಕಾದ ಫೋಲ್ಡರುಗಳನ್ನು ಅದೇ ಮಾಡಿಕೊಳ್ಳುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಆಟದ ಫೈಲ್ ಅದರಲ್ಲಿ ಹಾಕಿ, ಮತ್ತೆ ಪೈಗೆ ಚುಚ್ಚಿದರೆ ಆಯಿತು.

ಮೊದಲು ಫೋನ್ ಚಾರ್ಜರ್ ಹಾಕಿ ನೋಡಿದ್ದೆ. ಪರದೆಯ ಮೂಲೆಯಲ್ಲಿ ಹಳದಿ ಮಿಂಚಿನ ಗುರುತು ಬರುತ್ತಿತ್ತು. ಅದು ಕರೆಂಟ್ ಸಾಲುತ್ತಿಲ್ಲ ಅನ್ನುವ ಸೂಚನೆ. ಪೈ 4ಕ್ಕೆ 5.1 ವೋಲ್ಟ್, 3 ಆಂಪಿಯರ್ ಅಡಾಪ್ಟರೇ ಬೇಕು. ಇದರಲ್ಲಿ ದುಡ್ಡು ಉಳಿಸಬೇಡಿ.

ಈಗ ಹಾಡಿನ ವಿಷಯಕ್ಕೆ ಬರುತ್ತೇನೆ. ಅಣ್ಣ ಹೇಳಿದ್ದು ಪೂರ್ತಿ ನಿಜ.

ಜಪಾನ್ ಮತ್ತು ಅಮೆರಿಕದ ಟಿವಿ ಆಗ ಎನ್‌ಟಿಎಸ್‌ಸಿ ಅನ್ನುವ ಪದ್ಧತಿಯದು. ಅಲ್ಲಿ ಗೇಮ್ ಸೆಕೆಂಡಿಗೆ 60 ಚಿತ್ರ ತೋರಿಸುತ್ತಿತ್ತು. ನಮ್ಮದು ಪಾಲ್ ಟಿವಿ, 50 ಚಿತ್ರ. ಆಟದ ಪ್ರೋಗ್ರಾಂ ಒಂದೊಂದು ಚಿತ್ರಕ್ಕೆ ಒಂದೊಂದು ಹೆಜ್ಜೆ ಮುಂದೆ ಹೋಗುತ್ತದೆ, ಹಾಡಿನ ತಾಳವೂ ಅದರ ಜೊತೆಗೇ. ಅಲ್ಲಿ 60 ಸೆಕೆಂಡಿಗೆ ಮುಗಿಯುವ ಹಾಡು ನಮ್ಮ ಮನೆಯ ಟಿವಿಯಲ್ಲಿ 72 ಸೆಕೆಂಡ್ ನಡೆಯುತ್ತಿತ್ತು. ನಾವು ಕಲಿತದ್ದು ಆ ತಾಳ. ಗುಂಡು ಬರುವುದಕ್ಕೂ ಹಾರುವುದಕ್ಕೂ ನಡುವಿನ ಲೆಕ್ಕ ಕೈಯಲ್ಲಿ ಕೂತದ್ದು ಆ ತಾಳಕ್ಕೇ.

ಎಫ್‌ಸಿಇಯುಎಂಎಂ ಅನ್ನುವ ಎಮ್ಯುಲೇಟರಿನಲ್ಲಿ ರೀಜನ್ ಬದಲಿಸಬಹುದು. ಪಾಲ್ ಅಂತ ಇಟ್ಟೆ. ತಾಳ ನಿಧಾನವಾಯಿತು, ಆದರೆ ಶ್ರುತಿಯೂ ಇಳಿಯಿತು. ಹಾಡು ನೆಗಡಿ ಆದವರು ಹಾಡಿದ ಹಾಗೆ ಕೇಳಿಸಿತು. ಅಣ್ಣನಿಗೆ ಫೋನಲ್ಲೇ ಕೇಳಿಸಿದೆ. "ಇದೂ ಅಲ್ಲ" ಅಂದ.

ಅದೇ ಪಟ್ಟಿಯ ಕೊನೆಯಲ್ಲಿ ಡೆಂಡಿ ಅಂತ ಇನ್ನೊಂದು ಹೆಸರಿತ್ತು. ಡೆಂಡಿ 1992ರಲ್ಲಿ ರಷ್ಯಾದಲ್ಲಿ ಮಾರಾಟಕ್ಕೆ ಬಂದ ನಕಲು ಡಬ್ಬ, ನಮ್ಮದರ ಹಾಗೆಯೇ. ನಿಂಟೆಂಡೊದ ಅಸಲಿ ಪಾಲ್ ಯಂತ್ರದ ಪ್ರೊಸೆಸರ್ 1.66 ಮೆಗಾಹರ್ಟ್ಸ್, ಜಪಾನಿನದು 1.79. ನಕಲು ಮಾಡಿದವರು 1.77 ಇಟ್ಟುಕೊಂಡರು. ಅದರಿಂದ ಚಿತ್ರ 50 ಆದರೂ ಶ್ರುತಿ ಹೆಚ್ಚುಕಡಿಮೆ ಜಪಾನಿನದೇ ಉಳಿಯಿತು. ಡೆಂಡಿ ಆರಿಸಿ ಆಟ ಶುರು ಮಾಡಿದೆ. ಮೊದಲ ನಾಲ್ಕು ಸ್ವರ ಕೇಳುತ್ತಲೇ ಗೊತ್ತಾಯಿತು. ಹಳೇ ಮನೆಯ ಪಡಸಾಲೆ, ಬಿಸಿಯಾಗಿರುತ್ತಿದ್ದ ಅಡಾಪ್ಟರ್, ಹೊರಗೆ ಹೆಂಚಿನ ಮೇಲೆ ಮಳೆ, ಎಲ್ಲಾ ನೆನಪಾಯಿತು. ಕಣ್ಣು ಒದ್ದೆಯಾಯಿತು.

ಇನ್ನೊಂದು ಕೆಲಸ ಬಾಕಿ ಇತ್ತು. ಟಿವಿ 60 ಹರ್ಟ್ಸ್‌ನಲ್ಲಿದ್ದರೆ 50ರ ಚಿತ್ರ ತಡವರಿಸುತ್ತದೆ. ರೆಟ್ರೋಪೈಯಲ್ಲಿ ಆಟ ಶುರುವಾಗುವ ಹೊತ್ತಿಗೆ ಒಂದು ಬಟನ್ ಒತ್ತಿದರೆ ಮೆನು ಬರುತ್ತದೆ. ಅಲ್ಲಿ ಕಾಂಟ್ರಾಕ್ಕೆ ಮಾತ್ರ 50 ಹರ್ಟ್ಸ್ ಅಂತ ಇಟ್ಟೆ. ಟಿವಿಯ ಗೇಮ್ ಮೋಡ್ ಆನ್ ಮಾಡಿದೆ. ಅದಿಲ್ಲದಿದ್ದರೆ ಬಟನ್ ಒತ್ತಿದ್ದಕ್ಕೂ ಹಾರಿದ್ದಕ್ಕೂ ನಡುವೆ ತಡವಾಗುತ್ತದೆ, ಗುಂಡಿ ದಾಟಬೇಕಾದವನು ಗುಂಡಿಗೆ ಬೀಳುತ್ತಾನೆ. ಅದರ ಮೇಲೆ ರನ್-ಅಹೆಡ್ ಅನ್ನುವ, ಮುಂದಿನ ಚಿತ್ರವನ್ನು ಮೊದಲೇ ಲೆಕ್ಕಹಾಕಿ ತಡ ಕಡಿಮೆ ಮಾಡುವ ಸೆಟ್ಟಿಂಗನ್ನು ಒಂದು ಫ್ರೇಮ್, ಅಂದರೆ ಒಂದು ಚಿತ್ರದಷ್ಟು ಕೊಟ್ಟೆ. 50 ಹರ್ಟ್ಸ್‌ನಲ್ಲಿ ಒಂದು ಫ್ರೇಮ್ ಅಂದರೆ 20 ಮಿಲಿಸೆಕೆಂಡ್. ಕೈಗೆ ವ್ಯತ್ಯಾಸ ಖಂಡಿತ ಗೊತ್ತಾಗುತ್ತದೆ.

ಜುಲೈನಲ್ಲಿ ಒಂದು ಬೇಜಾರಿನ ಘಟನೆ ನಡೆಯಿತು. ಅಣ್ಣನ ಮಗಳು ರಜೆಗೆ ಬಂದಿದ್ದಳು. ಅವಳ ಗೇಮ್ ಬಾಯ್ ಅಡ್ವಾನ್ಸ್ ಕ್ಯಾಸೆಟ್ಟಿನ ಪೋಕೆಮಾನನ್ನೂ ಪೈಗೆ ಹಾಕಿಕೊಟ್ಟಿದ್ದೆ. ಮಧ್ಯಾಹ್ನವೆಲ್ಲ ಆಡಿದಳು, ಆಟದೊಳಗೆ ಸೇವ್ ಕೂಡ ಮಾಡಿದ್ದಳು. ಗಾಳಿಗೆ ಎಲ್ಲೋ ಮರ ಬಿತ್ತು, ಕರೆಂಟ್ ಹೋಯಿತು. ಕರೆಂಟ್ ಬಂದಾಗ ಎಸ್‌ಡಿ ಕಾರ್ಡ್ ಬೂಟ್ ಆಗಲಿಲ್ಲ. ಕಾರ್ಡ್ ರಿಪೇರಿ ಮಾಡಿ ನೋಡಿದರೆ ಅವಳ ಸೇವ್ ಇಲ್ಲ. ರೆಟ್ರೋಪೈಯೊಳಗೆ ಎಮ್ಯುಲೇಟರುಗಳನ್ನು ನಡೆಸುವ ರೆಟ್ರೋಆರ್ಚ್ ಅನ್ನುವ ಪ್ರೋಗ್ರಾಂ ಆ ಸೇವನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದು, ಆಟದಿಂದ ಹೊರಬಂದಾಗಲೇ ಕಾರ್ಡಿಗೆ ಬರೆಯುತ್ತದೆ ಅನ್ನುವುದು ಆಗ ತಿಳಿಯಿತು. ಅವಳ ಮುಖ ನೋಡಿ ನನಗೆ ಊಟ ಸೇರಲಿಲ್ಲ.

ಅವತ್ತೇ ಸೇವ್‌ರಾಮ್ ಆಟೋಸೇವ್ ಇಂಟರ್ವಲ್ ಅನ್ನುವ ಸೆಟ್ಟಿಂಗ್ ಹುಡುಕಿ, ಸೇವ್ 10 ಸೆಕೆಂಡಿಗೊಮ್ಮೆ ಕಾರ್ಡಿಗೆ ಹೋಗುವ ಹಾಗೆ ಮಾಡಿದೆ. ನನ್ನಲ್ಲಿ ಅದು ಆಫ್ ಇತ್ತು. ಆಮೇಲೆ ಎಸ್‌ಡಿ ಕಾರ್ಡ್ ಬಿಟ್ಟು ಯುಎಸ್‌ಬಿ ಎಸ್‌ಎಸ್‌ಡಿಯಿಂದ ಬೂಟ್ ಆಗುವ ಹಾಗೆ ಮಾಡಿ, ಪೈ ಮತ್ತು ಟಿವಿ ಎರಡನ್ನೂ ಇನ್ವರ್ಟರ್ ಲೈನಿಗೆ ಹಾಕಿಸಿದೆ. ಸೇವ್ ಫೈಲುಗಳು ವಾರಕ್ಕೊಮ್ಮೆ ಪೆನ್ ಡ್ರೈವಿಗೆ ಹೋಗುತ್ತವೆ. ಮಲೆನಾಡಿನಲ್ಲಿ ಇದನ್ನು ಮಾಡುವವರು ಆಟ ಹಾಕುವ ಮೊದಲೇ ಈ ನಾಲ್ಕನ್ನು ಮಾಡಿಕೊಳ್ಳಿ.

ಹೋದ ಭಾನುವಾರ ಅಣ್ಣ ಹಾಸನದಿಂದ ಮತ್ತೆ ಬಂದಿದ್ದ. ಕಾಫಿ ಕುಡಿದು ಕೂತವನು ಡೆಂಡಿಯಲ್ಲಿ ಕಾಂಟ್ರಾ ಆಡಿದ. ಜಲಪಾತದ ಹಂತದವರೆಗೆ ಒಂದು ಮಾತಿಲ್ಲ. ಆಮೇಲೆ ಹೇಳಿದ್ದು ಇಷ್ಟು: "ನಮ್ಮ ಕಂಟ್ರೋಲರಿನಲ್ಲಿ ಮೇಲೆ ಇನ್ನೆರಡು ಬಟನ್ ಇತ್ತಲ್ವಾ, ಒತ್ತಿ ಹಿಡಿದರೆ ಗುಂಡು ತಾನಾಗೇ ಹೋಗ್ತಿತ್ತು?" ಹೌದು, ಟರ್ಬೋ. ರೆಟ್ರೋಆರ್ಚ್‌ನಲ್ಲಿ ಟರ್ಬೋ ಫೈರ್ ಅಂತ ಅದೂ ಇದೆ. ಈ ವಾರ ಅದನ್ನು ಎಕ್ಸ್ ಮತ್ತು ವೈ ಬಟನ್‌ಗೆ ಕೂರಿಸುತ್ತಿದ್ದೇನೆ.