ಹಳೇ ಮಷಿನ್‌ಗನ್ ಕಂಡರೆ ಉಪ್ಪುಕಾಗದ ಮುಟ್ಟಬೇಡಿ

ಸಕಲೇಶಪುರ, ಮೂಡಿಗೆರೆ ಕಡೆಯ ಹಳೇ ಬಂಗಲೆಯ ಅಟ್ಟದಲ್ಲೋ ಮಿಲಿಟರಿಯಲ್ಲಿದ್ದ ತಾತನ ಟ್ರಂಕಿನ ಹಿಂದೆಯೋ ಯುದ್ಧಕಾಲದ ಸಾಮಾನು ಸಿಕ್ಕರೆ ನಮ್ಮವರು ಮೊದಲು ಅದನ್ನು ಉಜ್ಜುತ್ತಾರೆ. ಆಮೇಲೆ ಕಪ್ಪು ಎನಾಮಲ್ ಬಳಿಯುತ್ತಾರೆ. ಕೊನೆಗೆ ಹಿಡಿದುಕೊಂಡು ನಿಂತು ಫೋಟೊ ತೆಗೆಸಿ ವಾಟ್ಸ್‌ಆ್ಯಪ್‌ಗೆ ಹಾಕುತ್ತಾರೆ. ಮೂರೂ ತಪ್ಪು. ಮೂರನೆಯದು ಜೈಲಿಗೂ ದಾರಿ.

ಕಾನೂನಿನ ಕೆಲಸ ಮೊದಲು. ಟ್ರಿಗರ್ ಒತ್ತಿ ಹಿಡಿದಷ್ಟು ಹೊತ್ತೂ ಗುಂಡು ಹಾರಿಸುವ ಬಂದೂಕು 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ‘ನಿಷೇಧಿತ ಆಯುಧ’. ಬೆಳೆ ಕಾಯಲು ಕೊಟ್ಟ ಕೋವಿಯ ಲೈಸೆನ್ಸ್ ಇದಕ್ಕೆ ನಡೆಯುವುದಿಲ್ಲ. 7ನೇ ಕಲಮಿನ ಪ್ರಕಾರ ಕೇಂದ್ರ ಸರ್ಕಾರದ ವಿಶೇಷ ಅನುಮತಿಯೇ ಬೇಕು. 2019ರ ತಿದ್ದುಪಡಿಯ ನಂತರ ಶಿಕ್ಷೆ 7ರಿಂದ 14 ವರ್ಷ. ‘ಅದು ಸತ್ತ ಗನ್ನು, ಸೀಸ ಹೊಯ್ದಿದ್ದಾರೆ’ ಎಂದು ಮಾರುವವನು ಹೇಳಿದರೆ ನಂಬಿ ಕೂರಬೇಡಿ. 45ನೇ ಕಲಂ ವಿನಾಯಿತಿ ಕೊಡುವುದು ನಿಜ. ಆದರೆ ಹಳೇ ಮಾದರಿಯ ಅಥವಾ ಕೆಟ್ಟ ಆಯುಧ, ರಿಪೇರಿ ಮಾಡದೆ ಮಾತ್ರವಲ್ಲ, ರಿಪೇರಿ ಮಾಡಿದರೂ ಬಂದೂಕಾಗಿ ಕೆಲಸ ಮಾಡಬಾರದು ಎಂಬುದು ಅದರ ಷರತ್ತು. ಅದನ್ನು ತೀರ್ಮಾನಿಸುವವರು ನೀವೂ ಅಲ್ಲ, ಅಂಗಡಿಯವನೂ ಅಲ್ಲ. ಬ್ರಿಟನ್ನಿನ ಪ್ರೂಫ್ ಹೌಸ್ (ಬಂದೂಕು ಪರೀಕ್ಷಿಸುವ ಸಂಸ್ಥೆ) ಕೊಟ್ಟ ನಿಷ್ಕ್ರಿಯತೆಯ ಸರ್ಟಿಫಿಕೇಟ್ ಅಲ್ಲಿನ ಕಾನೂನಿಗೆ ಸಾಕು, ಇಲ್ಲಿಯ ಕಾಗದದ ಬದಲಿಗೆ ಅದು ಬರುವುದಿಲ್ಲ. ಹೀಗಾಗಿ ಸಿಕ್ಕಿದ್ದನ್ನು ಇದ್ದಲ್ಲೇ ಬಿಟ್ಟು, ಠಾಣೆಗೆ ಫೋನ್ ಮಾಡಿ, ಅವರೇ ಬರಲಿ. ಗೋಣಿಚೀಲದಲ್ಲಿ ಸುತ್ತಿ ಸ್ಕೂಟರಿನಲ್ಲಿ ಒಯ್ಯುವುದು ಬೇಡ; ಸಾಗಿಸುವುದೇ ಇನ್ನೊಂದು ಅಪರಾಧವಾದೀತು.

ಜಾತಿ ಗುರುತಿಸಲು ದೂರದಿಂದ ನೋಡಿದರೂ ಸಾಕು. ನಳಿಗೆಯನ್ನು ತಣಿಸುವ ದಪ್ಪ ನೀರಿನ ಕೊಳವೆ, ಮುಕ್ಕಾಲಿ ಸ್ಟ್ಯಾಂಡ್, ಪಕ್ಕದಿಂದ ಹಾಯುವ 250 ಗುಂಡಿನ ಬಟ್ಟೆ ಪಟ್ಟಿ ಇದ್ದರೆ ವಿಕರ್ಸ್. 1912ರಲ್ಲಿ ಬ್ರಿಟಿಷ್ ಸೇನೆಗೆ ಬಂದು 1968ರವರೆಗೆ ಇತ್ತು. ಕೊಳವೆಗೆ ಸುಮಾರು 4 ಲೀಟರ್ ನೀರು ಹಿಡಿಯುತ್ತದೆ. ಹೊಗೆ ಕೊಳಾಯಿಯಂಥ ದಪ್ಪ ಹೊದಿಕೆ, ನೆತ್ತಿಯ ಮೇಲೆ ತಟ್ಟೆಯಂತೆ 47 ಗುಂಡಿನ ಮ್ಯಾಗಜೀನ್ ಇದ್ದರೆ ಲೂಯಿಸ್. ಮೇಲಿನಿಂದ ಬಾಳೆಕಾಯಿಯಂತೆ ಬಾಗಿದ ಮ್ಯಾಗಜೀನ್ ಎದ್ದು ನಿಂತಿದ್ದರೆ ಎಲ್ಲರೂ ‘ಬ್ರೆನ್’ ಎಂದುಬಿಡುತ್ತಾರೆ. ಅಲ್ಲೇ ಎಡವುವುದು.

ಬ್ರೆನ್ ಎಂಬ ಹೆಸರು ಚೆಕ್ ದೇಶದ ಬ್ರನೋ ಮತ್ತು ಇಂಗ್ಲೆಂಡಿನ ಎನ್‌ಫೀಲ್ಡ್ ಊರುಗಳ ಮೊದಲಕ್ಷರಗಳಿಂದ ಬಂದದ್ದು. ಮೂಲ ವಿನ್ಯಾಸ ಚೆಕ್ ದೇಶದ್ದು. ಆದರೆ ಭಾರತೀಯ ಸೇನೆ 1933ರಲ್ಲಿ ಒಪ್ಪಿಕೊಂಡದ್ದು ವಿಕರ್ಸ್-ಬರ್ತಿಯೆ, ಅದು ಬಂಗಾಳದ ಇಶಾಪುರದಲ್ಲೇ ತಯಾರಾಯಿತು, ಅದಕ್ಕೂ ಮೇಲೆ ಬಾಗಿದ ಮ್ಯಾಗಜೀನ್. ಬರ್ಮಾ ಯುದ್ಧದಲ್ಲಿ ಎದುರಾದ ಜಪಾನಿನ ಟೈಪ್ 96, ಟೈಪ್ 99 ಕೂಡ ಹೀಗೇ. ಆದರೆ ಈ ಜಪಾನಿ ಗನ್ನುಗಳಲ್ಲಿ ಬಯೊನೆಟ್ ಸಿಕ್ಕಿಸುವ ಜಾಗ ಇರುತ್ತದೆ, ಬ್ರೆನ್‌ಗೆ ಇರದು. ಮ್ಯಾಗಜೀನ್ ನೆಟ್ಟಗಿದ್ದರೆ ಮೂಲದ .303 ಇಂಚಿನ ಗುಂಡಿನದಲ್ಲ, ಆಮೇಲೆ 7.62 ಮಿ.ಮೀ.ಗೆ ಬದಲಿಸಿದ ಬ್ರೆನ್ ಇರಬಹುದು. .303ರ ತೋಟೆಯ ಬುಡದಲ್ಲಿ ಅಂಚು ಇರುವುದರಿಂದ ಒಂದರ ಮೇಲೊಂದು ಜೋಡಿಸಿದರೆ ಸಾಲು ಬಾಗಲೇಬೇಕು.

ಈಗ ಎಲ್ಲರೂ ಕೆಡಿಸುವ ಕೆಲಸ: ಲೋಹದ ಮೇಲೆ ಒತ್ತಿದ ಮುದ್ರೆ ಓದುವುದು. ವಸ್ತು ಖಾಲಿಯಿದೆ, ಕಾಗದ ಸರಿಯಿದೆ ಎಂದು ಅಧಿಕಾರಿಗಳು ನೋಡಿದ ಮೇಲಷ್ಟೇ ಇದಕ್ಕೆ ಕೈ ಹಾಕಿ. ಬೆಲೆ, ಇತಿಹಾಸ ಎರಡೂ ಇರುವುದು ಕೂದಲೆಳೆಯಷ್ಟು ಆಳದ ಈ ಅಕ್ಷರಗಳಲ್ಲಿ. ಉಪ್ಪುಕಾಗದದ ನಾಲ್ಕೇ ಎಳೆತಕ್ಕೆ ಅವು ಹೋಗುತ್ತವೆ. ಡ್ರಿಲ್ಲಿಗೆ ಸಿಕ್ಕಿಸುವ ತಂತಿ ಬ್ರಷ್ ಆದರೆ ಒಂದೇ ಸುತ್ತು. ಬೇಕಾದದ್ದು ನಾಲ್ಕು ಸಾಮಾನು: ಮೆತ್ತನೆಯ ಹತ್ತಿ ಬಟ್ಟೆ, ಸಣ್ಣ ಟಾರ್ಚು, ಎಣ್ಣೆ ಕಾಗದದಷ್ಟು ತೆಳುವಾದ ಹಾಳೆ, ಮೆತ್ತನೆಯ ಕಡ್ಡಿಯ 4ಬಿ ಪೆನ್ಸಿಲು. ಒಣ ಬಟ್ಟೆಯಿಂದ ಧೂಳು ತೆಗೆಯಿರಿ, ಉಜ್ಜದೆ ಒತ್ತಿ ತೆಗೆಯಿರಿ. ಕೋಣೆಯ ದೀಪ ಆರಿಸಿ, ಟಾರ್ಚನ್ನು ಲೋಹಕ್ಕೆ ಸಮಾನಾಂತರವಾಗಿ, ಬಹುತೇಕ ತಾಗಿಸಿದಂತೆ ಹಿಡಿಯಿರಿ. ನೇರ ಬೆಳಕಿನಲ್ಲಿ ಕಾಣದ ಅಕ್ಷರದ ಅಂಚಿಗೆ ನೆರಳು ಬೀಳುತ್ತದೆ. ಟಾರ್ಚನ್ನು ನಾಲ್ಕೂ ದಿಕ್ಕಿಗೆ ತಿರುಗಿಸಿ ನಾಲ್ಕು ಫೋಟೊ ತೆಗೆಯಿರಿ. ಒಂದರಲ್ಲಿ ‘3’ ಕಂಡದ್ದು ಇನ್ನೊಂದರಲ್ಲಿ ‘8’ ಆಗುವುದುಂಟು. ಪೇಂಟ್ ಅಡಿಯ ಅಕ್ಷರಕ್ಕೆ ತೆಳು ಹಾಳೆ ಇಟ್ಟು 4ಬಿ ಪೆನ್ಸಿಲನ್ನು ಅಡ್ಡವಾಗಿ ಆಡಿಸಿ. ಪೇಂಟ್ ರಿಮೂವರ್ ಬೇಡವೇ ಬೇಡ, ಹಳೇ ಬಣ್ಣವೇ ಸೇನೆಯದ್ದಾಗಿರಬಹುದು.

ಕಾಣುವುದು ಏನು? ಬಾಣದ ಗುರುತು ಬ್ರಿಟಿಷ್ ಸರ್ಕಾರಿ ಆಸ್ತಿ. ಅದರ ಜೊತೆ ‘ಐ’ ಇದ್ದರೆ ಭಾರತದ ಸೇನೆಯದು. ಎರಡು ಬಾಣಗಳು ಮುಖಾಮುಖಿ ಇದ್ದರೆ ಸೇವೆಯಿಂದ ಹೊರಗೆ ಮಾರಿದ್ದು. ‘ಆರ್‌ಎಫ್‌ಐ’ ಎಂದರೆ ಇಶಾಪುರ ರೈಫಲ್ ಫ್ಯಾಕ್ಟರಿ. ‘ಡಿಪಿ’ ಎಂದರೆ ಕವಾಯತಿಗೆ ಮಾತ್ರ. ಅದು ನಿಷ್ಕ್ರಿಯ ಎಂಬುದಕ್ಕೆ ಪುರಾವೆಯಲ್ಲ, ಈ ಗೊಂದಲ ಅನೇಕರನ್ನು ಸಿಕ್ಕಿಸಿದೆ. ಬಾಡಿ, ನಳಿಗೆ, ಬಟ್ಟಿನ ನಂಬರು ಬೇರೆಬೇರೆ ಇದ್ದರೆ ಜೋಡಿಸಿದ ಗನ್ನು.

ನಕಲಿ ಪತ್ತೆಗೆ ಆಯಸ್ಕಾಂತ, ತಕ್ಕಡಿ ಎರಡೂ ಬೇಕು. ಸತುವಿನ ಮಿಶ್ರಲೋಹದ ಮಾದರಿಗೆ ಆಯಸ್ಕಾಂತ ಅಂಟದು. ಲೂಯಿಸ್‌ನ ಅಲ್ಯೂಮಿನಿಯಂ ಭಾಗಕ್ಕೂ ಅಂಟದು, ಅದನ್ನು ನಕಲಿ ಎಂದು ತಳ್ಳಬೇಡಿ. ಬ್ರೆನ್ ಸುಮಾರು 10 ಕಿಲೊ, ನೀರು-ಸ್ಟ್ಯಾಂಡ್ ಬಿಟ್ಟ ವಿಕರ್ಸ್ ಸುಮಾರು 15 ಕಿಲೊ.

ಹೊಸದಾಗಿ ಶುರುಮಾಡುವವರಿಗೆ ಗನ್ನೇ ಬೇಡ ಎನ್ನುವುದು ನೇರ ಸಲಹೆ. 12 ಮ್ಯಾಗಜೀನ್ ಹಿಡಿಯುವ ಬ್ರೆನ್ ತಗಡಿನ ಪೆಟ್ಟಿಗೆ, ಎಣ್ಣೆ ಡಬ್ಬಿ, ಕ್ಯಾನ್ವಾಸ್ ಚೀಲ, ಕೈಪಿಡಿ, ರೆಜಿಮೆಂಟ್ ಬ್ಯಾಡ್ಜು ಸಂಗ್ರಹಿಸಿ. ಬಿಡಿಭಾಗ ಮಾತ್ರ ಬೇಡ, ಕಾಯ್ದೆಯಲ್ಲಿ ಅದೂ ಆಯುಧವೇ. ಪೆಟ್ಟಿಗೆಯಲ್ಲಿ ಗುಂಡು ಸಿಕ್ಕರೆ ಮುಚ್ಚಿಟ್ಟು ಠಾಣೆಗೆ ತಿಳಿಸಿ. ಅಸಲಿ ಗನ್ನು ನೋಡುವ ಆಸೆಗೆ ಮಡಿಕೇರಿಯ ಜನರಲ್ ತಿಮ್ಮಯ್ಯ ಮ್ಯೂಸಿಯಂ ಇದೆ.

ಸಂಗ್ರಹಿಸಿದ ಲೋಹದ ಸಾಮಾನಿಗೆ ಮಲೆನಾಡಿನ ಮಳೆಗಾಲದಲ್ಲಿ ತೆಂಗಿನೆಣ್ಣೆ ಸವರಬೇಡಿ. ಜಿಗುಟಾಗಿ ಧೂಳು ಹಿಡಿದು ಅದರಡಿಯಲ್ಲೇ ತುಕ್ಕು ಏಳುತ್ತದೆ. ಡೀಸೆಲ್ಲೂ ಬೇಡ. ಹಿತ್ತಾಳೆಗೆ ಹುಣಸೆಹಣ್ಣು ಹಾಕಿದರೆ ಹೊಳಪು ಬರುತ್ತದೆ, ಹಳೇ ಕಾಂತಿ ಹೋಗುತ್ತದೆ. ಮೈಕ್ರೊಕ್ರಿಸ್ಟಲೈನ್ ಮೇಣವನ್ನು (ಪೆಟ್ರೋಲಿಯಂನಿಂದ ತೆಗೆದ ನುಣುಪು ಮೇಣ) ತೆಳ್ಳಗೆ ಹಚ್ಚಿ, ಒಣಗಿದ ಮೇಲೆ ಒರೆಸಿ. ಪ್ಲೈವುಡ್ ಪೆಟ್ಟಿಗೆಯೊಳಗಿನ ಆಮ್ಲದ ಆವಿ ಲೋಹಕ್ಕೆ ವಿಷ, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿ ಮೇಲು. ಡಬ್ಬಿಯೊಳಗೆ ಇಟ್ಟ, ತೇವ ಹೀರುವ ಸಿಲಿಕಾ ಜೆಲ್ ಬಣ್ಣ ಬದಲಾದ ಕೂಡಲೇ ಒಣಗಿಸಿ ವಾಪಸ್ ಇಡಿ; ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ನೋಡಬೇಕಾಗುತ್ತದೆ. ಕ್ಯಾನ್ವಾಸನ್ನು ಮಾತ್ರ ಅದೇ ಡಬ್ಬಿಯಲ್ಲಿ ಇಡಬೇಡಿ, ಬೂಷ್ಟು ಅದರಿಂದಲೇ ಶುರುವಾಗುತ್ತದೆ.