ಟರ್ಬೊ ಇಲ್ಲದ ಡೀಸೆಲ್ ಕಾರಿನ ಸೈಲೆನ್ಸರ್ ಲೈನ್: ಅಳೆದು ನೋಡಿ ಮಾಡಿದ ಕೆಲಸ

ಟರ್ಬೊ ಇಲ್ಲದ ಡೀಸೆಲ್ ಇಂಜಿನ್ನಿಗೆ ಗಾಳಿಯನ್ನು ಒಳಗೆ ತಳ್ಳಿ ಕೊಡುವವರು ಯಾರೂ ಇಲ್ಲ. ಪಿಸ್ಟನ್ ಕೆಳಗಿಳಿಯುವಾಗ ಎಷ್ಟು ಎಳೆದುಕೊಳ್ಳುತ್ತದೋ ಅಷ್ಟೇ. ಹೊಗೆಯನ್ನು ಆಚೆ ನೂಕುವುದಕ್ಕೂ ಅದೇ ಪಿಸ್ಟನ್ ದುಡಿಯಬೇಕು. ಸೈಲೆನ್ಸರ್ ಲೈನಿನಲ್ಲಿ ತಡೆ ಇದ್ದರೆ ಚಕ್ರಕ್ಕೆ ಹೋಗಬೇಕಾದ ಶಕ್ತಿ ಅಲ್ಲಿ ಖರ್ಚಾಗುತ್ತದೆ.

ನನ್ನ ಕಾರಿನದು 1.9 ಲೀಟರಿನ ಹಳೇ ಡೀಸೆಲ್. ನಾಲ್ಕು ಸಿಲಿಂಡರ್, ಡೀಸೆಲ್ ಚಿಮ್ಮಿಸಲು ರೋಟರಿ ಪಂಪ್, ಕಂಪ್ರೆಷನ್ 22ಕ್ಕೆ 1. ಕಂಪ್ಯೂಟರ್ ಇಲ್ಲ. ಕೆಳಗಿನ ಆರ್‌ಪಿಎಂನಲ್ಲಿ ಚೆನ್ನಾಗಿಯೇ ಎಳೆಯುತ್ತಿತ್ತು. ಏರು ದಾರಿಯಲ್ಲಿ ಮೂರನೇ ಗೇರಿನಲ್ಲಿ 3500 ದಾಟಿದರೆ ಮಾತ್ರ ಉಸಿರು ಕಟ್ಟಿದ ಹಾಗೆ ಆಗುತ್ತಿತ್ತು. ಕನ್ನಡಿಯಲ್ಲಿ ಕಪ್ಪು ಹೊಗೆ ಕಾಣುತ್ತಿತ್ತು. ಇದಕ್ಕೆ ಎಲ್ಲರೂ ಕೊಡುವ ಸಲಹೆ ಒಂದೇ: ದಪ್ಪ ಪೈಪು ಹಾಕಿಸಿ, ಹಿಂದಿನ ಸೈಲೆನ್ಸರ್ ಕಿತ್ತು ಸ್ಪೋರ್ಟ್ಸ್ ಸೈಲೆನ್ಸರ್ ಹಾಕಿಸಿ. ಸುಮ್ನೆ ಹಾಗೆ ಮಾಡುವುದು ನನಗೆ ಒಪ್ಪಿಗೆಯಾಗಲಿಲ್ಲ. ತಡೆ ಎಲ್ಲಿದೆ ಅಂತಲೇ ಗೊತ್ತಿಲ್ಲದೆ ಪೈಪು ಕತ್ತರಿಸುವುದು ಹೇಗೆ?

ಪೆಟ್ರೋಲ್ ಇಂಜಿನ್ನಿನ ಲೆಕ್ಕ ಇಲ್ಲಿ ಅಷ್ಟಾಗಿ ನಡೆಯುವುದಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಜಾಸ್ತಿ ದುಡ್ಡು ಪೋಲಾಗುವುದು ಇಲ್ಲೇ. ನನ್ನ ಇಂಜಿನ್ನಿನ ಒಂದೊಂದು ಸಿಲಿಂಡರ್ ಸುಮಾರು 475 ಸಿಸಿ. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗ 23 ಸಿಸಿ ಮಾತ್ರ. ಇಷ್ಟೇ ದೊಡ್ಡ ಪೆಟ್ರೋಲ್ ಸಿಲಿಂಡರಿನಲ್ಲಿ, ಕಂಪ್ರೆಷನ್ 9ಕ್ಕೆ 1 ಇದ್ದರೆ, ಸುಮಾರು 59 ಸಿಸಿ ಉಳಿಯುತ್ತದೆ. ಹಾಗಾಗಿ ಡೀಸೆಲ್ಲಿನಲ್ಲಿ ಒಳಗೆ ಉಳಿಯುವ ಹಳೇ ಹೊಗೆಯೇ ಕಡಿಮೆ, ಅದನ್ನು ಎಳೆದು ತೆಗೆಯುವುದರಿಂದ ಸಿಗುವ ಲಾಭವೂ ಕಡಿಮೆ. ಇನ್ನೊಂದು ವಿಷಯ, ಪಿಸ್ಟನ್ ಮೇಲಿನ ಸಿಲಿಂಡರ್ ಹೆಡ್ಡಿಗೆ ಅಂಟಿಕೊಳ್ಳುವಷ್ಟು ಹತ್ತಿರ ಬರುತ್ತದೆ. ಆ ಹೊತ್ತಿನಲ್ಲಿ ಎರಡೂ ವಾಲ್ವ್ ತೆರೆದಿರಲು ಜಾಗವೇ ಇಲ್ಲ. ವಾಲ್ವ್ ಓವರ್‌ಲ್ಯಾಪ್ ತೀರಾ ಚಿಕ್ಕದು. ಎಕ್ಸಾಸ್ಟಿನ ಎಳೆತದಿಂದ ಹೊಸ ಗಾಳಿ ನುಗ್ಗಿ ಬರುತ್ತದೆ ಅನ್ನುವ ಮಾತು ರೇಸಿನ ಪೆಟ್ರೋಲ್ ಇಂಜಿನ್ನಿಗೆ ಸರಿ. 4500ಕ್ಕೆ ಸುಸ್ತಾಗುವ ನಮ್ಮ ಡೀಸೆಲ್ಲಿಗೆ ಅದು ಹೆಚ್ಚು ಕೊಡುವುದಿಲ್ಲ. ನಮಗೆ ಬೇಕಾದ್ದು ಬ್ಯಾಕ್ ಪ್ರೆಷರ್, ಅಂದರೆ ತಡೆಯಿಂದಾಗಿ ಪೈಪಿನೊಳಗೆ ಹೊಗೆಯ ಒತ್ತಡ ಏರುವುದನ್ನು, ಇಳಿಸುವುದು, ಅಷ್ಟೇ.

ಪೈಪಿಗೆ ಕೈ ಹಾಕುವ ಮುಂಚೆ ಇಂಜಿನ್ ನೆಟ್ಟಗಿದೆಯಾ ನೋಡಿದೆ. ಏರ್ ಫಿಲ್ಟರ್ ಬದಲಿಸಿದೆ. ಟ್ಯಾಪೆಟ್ ಗ್ಯಾಪ್ ನೋಡಿದೆ. ನಾಜಲ್‌ಗಳನ್ನು ಟೆಸ್ಟ್ ಮಾಡಿಸಿದೆ, ಪಂಪಿನ ಟೈಮಿಂಗ್ ಡಯಲ್ ಗೇಜಿನಲ್ಲಿ ನೋಡಿಸಿದೆ. ಟೈಮಿಂಗ್ ಹಿಂದೆ ಬಿದ್ದಿದ್ದರೆ ಡೀಸೆಲ್ ತಡವಾಗಿ ಉರಿದು ಹೊಗೆ ಇನ್ನೂ ಬಿಸಿಯಾಗಿ ಹೊರಬರುತ್ತದೆ. ಅದರ ಗಾತ್ರವೂ ಹಿಗ್ಗುತ್ತದೆ. ಆಗ ಒಳ್ಳೇ ಪೈಪೂ ಸಣ್ಣದು ಅನ್ನಿಸುತ್ತದೆ. ಇಜಿಆರ್ ವಾಲ್ವ್ (ಸ್ವಲ್ಪ ಹೊಗೆಯನ್ನು ತಿರುಗಿ ಇಂಜಿನ್ನಿಗೆ ಬಿಡುವ ವಾಲ್ವ್) ಇರುವ ಇಂಜಿನ್ ಆದರೆ ಅದು ಮಸಿ ಹಿಡಿದು ಅರ್ಧ ತೆರೆದು ನಿಂತಿಲ್ಲವಾ ಅಂತ ನೋಡಲೇಬೇಕು. ಹಾಗೆ ನಿಂತಿದ್ದರೆ ಹೊಗೆ ತಿರುಗಿ ಒಳಗೇ ಹೋಗುತ್ತಿರುತ್ತದೆ, ಪೈಪು ಎಷ್ಟು ದಪ್ಪ ಮಾಡಿದರೂ ಕಪ್ಪು ಹೊಗೆ ಹೋಗುವುದಿಲ್ಲ.

ಇನ್ನು ಅಳತೆ. ಇಡೀ ಕೆಲಸದಲ್ಲಿ ನನಗೆ ಬಹಳ ಇಷ್ಟವಾದ ಭಾಗ ಇದೇ. ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸುವ ಮ್ಯಾನಿಫೋಲ್ಡಿನ ಕೆಳಗೆ, ಅಲ್ಲಿಂದ ಇಳಿಯುವ ಡೌನ್‌ಪೈಪಿಗೆ ಒಂದು ತೂತು ಕೊರೆದು, ಮೇಲೆ 10 ಮಿ.ಮೀ. ನಟ್ ವೆಲ್ಡ್ ಮಾಡಿಸಿದೆ. ಅದೇ ರೀತಿ ನಡುವಿನ ಸೈಲೆನ್ಸರಿನ ಮುಂದೆ ಒಂದು, ಹಿಂದಿನ ಆಕ್ಸಲ್ ಮೇಲೆ ಹತ್ತುವ ಬೆಂಡಿನ ಮುಂದೆ ಇನ್ನೊಂದು. ಪೈಪಿನ ಒಳಗೆ ವೆಲ್ಡಿಂಗಿನ ಗುಳ್ಳೆ, ತೂತಿನ ಅಂಚು ಎದ್ದಿರಬಾರದು. ಎದ್ದಿದ್ದರೆ ಗೇಜ್ ತಪ್ಪು ತೋರಿಸುತ್ತದೆ. ನಟ್ಟಿಗೆ ಸ್ಟೀಲ್ ನಳಿಗೆ, ಅದಕ್ಕೆ ಸುರುಳಿ ಸುತ್ತಿದ ಒಂದು ಮೀಟರ್ ತಾಮ್ರದ ನಳಿಗೆ, ಅಲ್ಲಿಂದ ರಬ್ಬರ್ ಹೋಸ್, ಕೊನೆಗೆ 600 ಮಿಲಿಬಾರ್ ತನಕ ತೋರಿಸುವ ಗೇಜ್. ತಾಮ್ರದ ಸುರುಳಿ ಯಾಕೆ ಅಂದರೆ, ಫುಲ್ ಲೋಡಿನಲ್ಲಿ ಇಂಥ ಇಂಜಿನ್ನಿನ ಹೊಗೆ 600, 700 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ರಬ್ಬರ್ ಅಲ್ಲಿ ಕ್ಷಣವೂ ಉಳಿಯುವುದಿಲ್ಲ. ಹೋಸಿನ ನಡುವೆ ಸಣ್ಣ ತೂತಿನ ಜೆಟ್ ಒಂದನ್ನು ಕೂರಿಸಿದೆ, ಇಲ್ಲದಿದ್ದರೆ ಮುಳ್ಳು ನಡುಗುತ್ತಲೇ ಇರುತ್ತದೆ. ಗೇಜನ್ನು ಕಾರಿನೊಳಗೆ ತರಬೇಡಿ. ಗಾಜಿನ ಹೊರಗೆ ವೈಪರ್ ಹತ್ತಿರ ಕಟ್ಟಿ, ಒಳಗಿಂದ ನೋಡಿ. ಹೋಸ್ ಕಿತ್ತುಬಂದರೆ ವಿಷದ ಹೊಗೆ ನೇರ ಮುಖಕ್ಕೆ ಬರುತ್ತದೆ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲೇ ಹೇಳಿದೆ.

ನಿಂತ ಕಾರಿನಲ್ಲಿ ರೇಸ್ ಮಾಡಿ ಅಳೆದರೆ ಪ್ರಯೋಜನ ಇಲ್ಲ. ಲೋಡ್ ಇರಬೇಕು. ಉದ್ದನೆಯ ಏರಿನಲ್ಲಿ, ಮೂರನೇ ಗೇರಿನಲ್ಲಿ, ಆಕ್ಸಿಲರೇಟರ್ ಪೂರ್ತಿ ತುಳಿದು, 4000 ಆರ್‌ಪಿಎಂ ಬಂದಾಗ ಮುಳ್ಳು ಎಲ್ಲಿದೆ ಅಂತ ಪಕ್ಕದಲ್ಲಿ ಕುಳಿತವರು ನೋಡಿ ಬರೆದುಕೊಳ್ಳಬೇಕು. ಓಡಿಸುವವರು ನೋಡಬಾರದು.

ನನಗೆ ಸಿಕ್ಕಿದ್ದು ಇದು. ಡೌನ್‌ಪೈಪಿನ ಮೇಲ್ತುದಿಯಲ್ಲಿ 240 ಮಿಲಿಬಾರ್ ಹತ್ತಿರ. ನಡುವಿನ ಸೈಲೆನ್ಸರಿನ ಮುಂದೆ 190. ಆಕ್ಸಲ್ ಬೆಂಡಿನ ಮುಂದೆ 150. ಅಂದರೆ ನಡುವಿನ ಸೈಲೆನ್ಸರ್ ತಿನ್ನುತ್ತಿದ್ದದ್ದು ಬರೀ 40. ಕೊನೆಯ ಒಂದೂವರೆ ಮೀಟರ್ ಪೈಪು ಮತ್ತು ಹಿಂದಿನ ಸೈಲೆನ್ಸರ್ ಸೇರಿ 150 ತಿನ್ನುತ್ತಿದ್ದವು! ಇಡೀ ಲೈನ್ ಬದಲಿಸುವ ಮಾತು ಅಲ್ಲಿಗೆ ಮುಗಿಯಿತು.

ಹಿಂದಿನ ಭಾಗವನ್ನು ಬಿಚ್ಚಿ ಬೆಂಚಿನ ಮೇಲೆ ಇಟ್ಟು ನೋಡಿದೆ. ಪೈಪಿನ ಒಳ ಅಳತೆ 42 ಮಿ.ಮೀ. ಇರಬೇಕು. ಬೆಂಡಿನ ಜಾಗದಲ್ಲಿ ಕತ್ತರಿಸಿ ಕ್ಯಾಲಿಪರ್ ಹಿಡಿದರೆ ಒಂದು ಕಡೆ 46, ಇನ್ನೊಂದು ಕಡೆ 31. ಪ್ರೆಸ್ಸಿನಲ್ಲಿ ಒತ್ತಿ ಬಗ್ಗಿಸಿದ ಪೈಪು, ಚಪ್ಪಟೆಯಾಗಿತ್ತು. ವಿಸ್ತೀರ್ಣದಲ್ಲಿ ಐದರಲ್ಲಿ ಒಂದು ಪಾಲು ಅಲ್ಲೇ ಹೋಗಿತ್ತು. ಒಳಮೈಯ ಸುಕ್ಕುಗಳಲ್ಲಿ ಮಸಿ ಗಟ್ಟಿಯಾಗಿ ಕೂತಿತ್ತು. ಸೈಲೆನ್ಸರನ್ನು ಗ್ರೈಂಡರಿನಲ್ಲಿ ಉದ್ದಕ್ಕೆ ಸೀಳಿದೆ. ಒಳಗಿನ ಒಂದು ತಟ್ಟೆ ವೆಲ್ಡ್ ಬಿಟ್ಟು ಓರೆಯಾಗಿ ಮುಂದಿನ ಕೊಳವೆಯ ಬಾಯಿಗೆ ಅರ್ಧ ಅಡ್ಡ ನಿಂತಿತ್ತು. ಕೊಳವೆಯ ತೂತುಗಳಲ್ಲಿ ಬಹುಪಾಲು ಮಸಿ, ತುಕ್ಕಿನಿಂದ ಮುಚ್ಚಿದ್ದವು. ಹೊರಗಿಂದ ತಟ್ಟಿದರೆ ಒಳಗೆ ಏನೋ ಅಲ್ಲಾಡುವ ಶಬ್ದ ಒಂದು ಚೂರೂ ಬರುತ್ತಿರಲಿಲ್ಲ. ಗೇಜ್ ಇಲ್ಲದಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಹೊಸ ಪೈಪಿನ ಅಳತೆಯನ್ನು ಹೀಗೆ ಲೆಕ್ಕ ಹಾಕಿದೆ. 4500 ಆರ್‌ಪಿಎಂನಲ್ಲಿ 1.9 ಲೀಟರ್ ಇಂಜಿನ್ ಸೆಕೆಂಡಿಗೆ ಸುಮಾರು 60 ಲೀಟರ್ ಗಾಳಿ ಎಳೆಯುತ್ತದೆ. ಅದೇ ಗಾಳಿ ಉರಿದು, ಪೈಪಿನಲ್ಲಿ 500 ಡಿಗ್ರಿ ಆಸುಪಾಸಿನಲ್ಲಿ ಹರಿಯುವಾಗ 165 ಲೀಟರ್ ಆಗುತ್ತದೆ. 42 ಮಿ.ಮೀ. ಪೈಪಿನಲ್ಲಿ ಇದು ಸೆಕೆಂಡಿಗೆ ಸುಮಾರು 120 ಮೀಟರ್ ವೇಗದಲ್ಲಿ ಓಡಬೇಕು. 50 ಮಿ.ಮೀ. ಆದರೆ 84 ಮೀಟರ್ ಸಾಕು. ಪೈಪಿನ ತಿಕ್ಕಾಟದಿಂದ ಬೀಳುವ ಪ್ರೆಷರ್ ವ್ಯಾಸದ ಐದನೇ ಘಾತಕ್ಕೆ ತಕ್ಕಂತೆ ಇಳಿಯುತ್ತದೆ. 42ರಿಂದ 50ಕ್ಕೆ ಹೋದರೆ ಅದು ಅರ್ಧಕ್ಕಿಂತ ಕಡಿಮೆ ಆಗುತ್ತದೆ. ಹಾಗಾದರೆ 60 ಯಾಕೆ ಹಾಕಬಾರದು? 50ರಲ್ಲೇ ಉಳಿಯುವ ತಡೆ ತೀರಾ ಕಡಿಮೆ, ಇನ್ನೂ ದಪ್ಪ ಮಾಡಿ ಉಳಿಸಲು ಏನೂ ಇಲ್ಲ. ತೂಕ ಜಾಸ್ತಿ, ಆಕ್ಸಲ್ಲಿಗೆ ತಾಗುವ ಭಯ ಜಾಸ್ತಿ, ಶಬ್ದವಂತೂ ಇನ್ನೂ ಜಾಸ್ತಿ.

ಬೆಂಡುಗಳಿಗೆ ಮ್ಯಾಂಡ್ರೆಲ್ ಬೆಂಡ್ ತಂದೆ. ಇವು ಬಗ್ಗಿದ ಜಾಗದಲ್ಲೂ ಗುಂಡಗೇ ಇರುತ್ತವೆ. ಸ್ಟೇನ್‌ಲೆಸ್ ಪೈಪನ್ನು ವೆಲ್ಡ್ ಮಾಡುವಾಗ ಒಳಗಡೆಗೂ ಆರ್ಗಾನ್ ಗ್ಯಾಸ್ ಬಿಡಲೇಬೇಕು ಅಂತ ಹಟ ಹಿಡಿದೆ. ಬಿಡದಿದ್ದರೆ ಒಳಮೈಯಲ್ಲಿ ಕಪ್ಪಗೆ, ಒರಟಾಗಿ ಗಂಟು ಕಟ್ಟುತ್ತದೆ. ಹರಿವಿಗೂ ಅಡ್ಡ, ಮುಂದೆ ಬಿರುಕು ಬಿಡುವುದೂ ಅಲ್ಲೇ. ಇನ್ನೊಂದು, ಸ್ಟೇನ್‌ಲೆಸ್ ಸಾಮಾನ್ಯ ಸ್ಟೀಲಿಗಿಂತ ಜಾಸ್ತಿ ಹಿಗ್ಗುತ್ತದೆ. ಎರಡು ಮೀಟರ್ ಪೈಪು 300 ಡಿಗ್ರಿ ಬಿಸಿಯಾದರೆ 304 ಗ್ರೇಡ್ ಸುಮಾರು 10 ಮಿ.ಮೀ. ಉದ್ದವಾಗುತ್ತದೆ. ತಣ್ಣಗಿದ್ದಾಗ ಹ್ಯಾಂಗರ್ ರಬ್ಬರುಗಳು ನೆಟ್ಟಗೆ ನಿಲ್ಲುವ ಹಾಗೆ ಕೂರಿಸಿದರೆ ಬಿಸಿಯಾದಾಗ ಎಳೆದು ನಿಲ್ಲುತ್ತವೆ. ನಾನು ಸ್ವಲ್ಪ ಮುಂದಕ್ಕೆ ವಾಲಿಸಿ ಕೂರಿಸಿದೆ. ಬ್ರೇಕ್ ಪೈಪು, ಡೀಸೆಲ್ ಪೈಪುಗಳಿಂದ ಎರಡು ಬೆರಳಾದರೂ ದೂರ ಇರಲಿ, ನಡುವೆ ತಗಡಿನ ಮರೆಯೂ ಇರಲಿ.

ಶಬ್ದದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಟರ್ಬೊ ಇದ್ದರೆ ಅದರ ಚಕ್ರವೇ ಹೊಗೆಯ ಹೊಡೆತವನ್ನು ಸಾಕಷ್ಟು ತಗ್ಗಿಸಿರುತ್ತದೆ. ನಮ್ಮದರಲ್ಲಿ ಆ ಹೊಡೆತ ನೇರವಾಗಿ ಪೈಪಿಗೆ ಬರುತ್ತದೆ. ನಾಲ್ಕು ಸಿಲಿಂಡರ್ ಇಂಜಿನ್ 2400 ಆರ್‌ಪಿಎಂನಲ್ಲಿ ಸೆಕೆಂಡಿಗೆ 80 ಹೊಡೆತ ಕೊಡುತ್ತದೆ. ಈ ದಪ್ಪ ಗುಂಯ್ ಶಬ್ದವೇ ಕಾರಿನೊಳಗೆ ತಲೆನೋವು ತರುವುದು. ಉಣ್ಣೆ ತುಂಬಿದ ನೇರ ಕೊಳವೆಯ ಸೈಲೆನ್ಸರ್ ಚುರುಕಾದ ಶಬ್ದವನ್ನು ನುಂಗುತ್ತದೆ, ಈ 80ರ ಶಬ್ದವನ್ನು ನುಂಗುವುದಿಲ್ಲ. ಅದಕ್ಕೆ ದೊಡ್ಡ ಕೋಣೆಗಳಿರುವ ಡಬ್ಬವೇ ಬೇಕು. ಅದೃಷ್ಟಕ್ಕೆ ನಮ್ಮ ನಡುವಿನ ಸೈಲೆನ್ಸರ್ ಅಂಥದ್ದೇ, ತಿನ್ನುತ್ತಿದ್ದದ್ದೂ ಬರೀ 40. ಅದನ್ನು ಮುಟ್ಟಲೇ ಇಲ್ಲ. ಹಿಂದಕ್ಕೆ ಮಾತ್ರ ನೇರ ಕೊಳವೆಯದ್ದು ಹಾಕಿದೆ. ಕೊಳವೆಗೆ ಮೊದಲು ಸ್ಟೀಲ್ ಉಣ್ಣೆ ಸುತ್ತಿ, ಅದರ ಮೇಲೆ ಬಸಾಲ್ಟ್ ಉಣ್ಣೆ ತುಂಬಿದ್ದು ಸಿಕ್ಕರೆ ತಗೊಳ್ಳಿ. ಬರೀ ಗ್ಲಾಸ್ ವುಲ್ ಡೀಸೆಲ್ ಮಸಿ ಕುಡಿದು ಬೇಗ ಗಟ್ಟಿಯಾಗುತ್ತದೆ. ಎಲ್ಲವನ್ನೂ ಮೊದಲು ಕ್ಲಾಂಪಿನಲ್ಲಿ ಜೋಡಿಸಿ, ಓಡಿಸಿ, ಕೇಳಿ, ಆಮೇಲೆ ವೆಲ್ಡ್ ಮಾಡಿದೆವು.

ಇಷ್ಟಕ್ಕೆ ಡೌನ್‌ಪೈಪಿನ ಪ್ರೆಷರ್ 240ರಿಂದ 140ಕ್ಕೆ ಇಳಿಯಿತು. ಆಮೇಲೆ ಡೌನ್‌ಪೈಪಿನ ಎರಡು ಕೊಳವೆ ಸೇರುವ ಜಾಗ ನೋಡಿದೆ. ಎರಡೂ ಮುಖಾಮುಖಿ ಡಿಕ್ಕಿ ಹೊಡೆಯುವ ಹಾಗೆ ಸೇರಿಸಿದ್ದರು. ಅದನ್ನು ಕತ್ತರಿಸಿ ಸಣ್ಣ ಕೋನದಲ್ಲಿ, ಉದ್ದಕ್ಕೆ ಸೇರುವ ಹಾಗೆ ಮಾಡಿಸಿದೆ. 110ಕ್ಕೆ ಬಂತು. ಅಲ್ಲಿಗೆ ನಿಲ್ಲಿಸಿದೆ.

ಕಾಸ್ಟ್ ಮ್ಯಾನಿಫೋಲ್ಡ್ ತೆಗೆದು ಪೈಪಿನ ಹೆಡರ್ ಹಾಕಿ ಅಂತ ಒಬ್ಬರಲ್ಲ ಇಬ್ಬರಲ್ಲ ಹೇಳಿದರು. ನಾನು ಒಪ್ಪಲಿಲ್ಲ. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳು ಉರಿಯುವ ಸರದಿ, 1-3-4-2. ನನ್ನ ಮ್ಯಾನಿಫೋಲ್ಡಿನಲ್ಲಿ 1 ಮತ್ತು 4 ಒಂದು ಬಾಯಿಗೆ, 2 ಮತ್ತು 3 ಇನ್ನೊಂದು ಬಾಯಿಗೆ ಬರುತ್ತವೆ. ಒಂದೊಂದು ಬಾಯಿಯಲ್ಲಿ ಹೊಡೆತಗಳ ನಡುವೆ ಕ್ರ್ಯಾಂಕಿನ ಒಂದು ಪೂರ್ತಿ ಸುತ್ತು ಅಂತರ ಇದೆ. ಇದಕ್ಕಿಂತ ಒಳ್ಳೇ ಜೋಡಣೆ ಹೆಡರಿನಲ್ಲೂ ಸಿಗುವುದಿಲ್ಲ. ಡೀಸೆಲ್ಲಿನ ನಡುಕಕ್ಕೆ ತೆಳು ಪೈಪಿನ ವೆಲ್ಡ್ ಬಿರುಕು ಬಿಡುವುದು ಬೇರೆ. ಮ್ಯಾನಿಫೋಲ್ಡ್ ಬಿಚ್ಚಿದಾಗ ಮಾಡಿದ್ದು ಎರಡೇ ಕೆಲಸ. ಗ್ಯಾಸ್ಕೆಟ್ ಪೋರ್ಟಿನೊಳಗೆ (ಹೆಡ್ಡಿನಿಂದ ಹೊಗೆ ಹೊರಬರುವ ತೂತಿನೊಳಗೆ) ಚಾಚಿಕೊಂಡಿದ್ದ ಕಡೆ ಕತ್ತರಿಸಿದೆ. ಹೆಡ್ಡಿನ ಪೋರ್ಟಿಗಿಂತ ಮ್ಯಾನಿಫೋಲ್ಡಿನ ಬಾಯಿ ಚಿಕ್ಕದಿದ್ದ ಕಡೆ ಅರೆದು ಸರಿ ಮಾಡಿದೆ. ಮ್ಯಾನಿಫೋಲ್ಡಿನ ಬಾಯಿ ಸ್ವಲ್ಪ ದೊಡ್ಡದಿದ್ದರೆ ಹಾಗೇ ಬಿಡಿ. ಆ ಮೆಟ್ಟಿಲು ಹಿಂದಕ್ಕೆ ಬರುವ ಹೊಗೆಗೆ ಅಡ್ಡವಾಗುತ್ತದೆ. ಹಳೇ ಸ್ಟಡ್ಡುಗಳಿಗೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಕಾಯಿಸಿ, ಹಿಂದೆ ಮುಂದೆ ಆಡಿಸುತ್ತಾ ತೆಗೆಯಬೇಕು. ಒಂದೇ ಸಲಕ್ಕೆ ತಿರುಗಿಸಿದರೆ ಮುರಿಯುತ್ತವೆ.

ಏನು ಸಿಕ್ಕಿತು? ಬ್ಯಾಕ್ ಪ್ರೆಷರ್ 130 ಮಿಲಿಬಾರ್ ಇಳಿದರೆ, ಇಂಥ ಇಂಜಿನ್ ಫುಲ್ ಪವರಿನಲ್ಲಿ ಪಿಸ್ಟನ್ ಮೇಲೆ ಕೊಡುವ ಸರಾಸರಿ ಒತ್ತಡ 6.5 ಬಾರ್ (6500 ಮಿಲಿಬಾರ್) ಅಂತ ಇಟ್ಟುಕೊಂಡರೆ, ನೂರಕ್ಕೆ ಎರಡು ಪಾಲು ನೇರ ಉಳಿಕೆ. ಸ್ವಲ್ಪ ಜಾಸ್ತಿ ಗಾಳಿ ಒಳಗೆ ಬರುವುದರಿಂದ ಇನ್ನೊಂದಿಷ್ಟು. ಒಟ್ಟು ನೂರಕ್ಕೆ ಮೂರೋ ನಾಲ್ಕೋ. ಇದಕ್ಕಿಂತ ಜಾಸ್ತಿ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಅದು ಸಿಗುವುದು ಸರಿಯಾಗಿ ಬೇಕಾದ ಜಾಗದಲ್ಲಿ, 3500ರ ಮೇಲೆ. ಅದೇ ಏರಿನಲ್ಲಿ ಈಗ ಮೂರನೇ ಗೇರು 4000 ತನಕ ಸಲೀಸಾಗಿ ಹೋಗುತ್ತದೆ. ಕಪ್ಪು ಹೊಗೆ ತೆಳುವಾಗಿದ್ದು ಕಣ್ಣಿಗೇ ಗೊತ್ತಾಗುತ್ತದೆ. ನನಗೆ ಅದರದ್ದೇ ಹೆಚ್ಚಿನ ಖುಷಿ, ಹಿಂದೆ ಬೈಕಿನಲ್ಲಿ ಬರುವವರು ಅದನ್ನೇ ತಾನೇ ಕುಡಿಯಬೇಕು.

ಪೈಪು ಆದ ಮೇಲೆ ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಜಾಸ್ತಿ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಗಾಳಿ ಹೆಚ್ಚಾಗಿದ್ದು ನೂರಕ್ಕೆ ಒಂದೆರಡು ಪಾಲು ಮಾತ್ರ. ಆ ಸ್ಕ್ರೂ ಒಂದಿಷ್ಟು ತಿರುಗಿದರೂ ಅದಕ್ಕಿಂತ ಜಾಸ್ತಿ ಡೀಸೆಲ್ ಬೀಳುತ್ತದೆ, ಕಪ್ಪು ಹೊಗೆ ವಾಪಸ್ ಬರುತ್ತದೆ, ಪಿಸ್ಟನ್ ಬಿಸಿ ಏರುತ್ತದೆ. ನನ್ನ ಪಂಪಿನಲ್ಲಿ ಆ ಸ್ಕ್ರೂವಿನ ಸೀಲ್ ಹಾಗೇ ಇದೆ. ನಿಮ್ಮ ಕಾರಿನಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಇದ್ದರೆ ಅದನ್ನು ತೆಗೆಯುವುದು ಅಥವಾ ಒಳಗೆ ಪೊಳ್ಳು ಮಾಡುವುದು ಬೇಡ. ಅದರ ಹಿಂದೆ ಮುಂದೆ ಗೇಜ್ ಹಾಕಿ ನೋಡಿ, ಕಟ್ಟಿಕೊಂಡಿದ್ದರೆ ಹೊಸದು ಹಾಕಿಸಿ.

ಹೊಸ ಜಾಯಿಂಟುಗಳನ್ನು ಒಂದೆರಡು ಸಲ ಚೆನ್ನಾಗಿ ಬಿಸಿಯಾಗಿ ತಣ್ಣಗಾದ ಮೇಲೆ ಇನ್ನೊಮ್ಮೆ ಬಿಗಿ ಮಾಡಬೇಕು. ಸೋರುತ್ತಿದೆಯಾ ಅಂತ ನೋಡಲು ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಪೈಪಿನ ತುದಿಗೆ ಒದ್ದೆ ಬಟ್ಟೆ ಸ್ವಲ್ಪ ಹೊತ್ತು ಒತ್ತಿ ಹಿಡಿಯಲು ಇನ್ನೊಬ್ಬರಿಗೆ ಹೇಳಿ, ಜಾಯಿಂಟುಗಳಿಗೆ ಸೋಪಿನ ನೀರು ಬಿಡಿ. ಗುಳ್ಳೆ ಬಂದ ಕಡೆ ಸೋರಿಕೆ. ಗೇಜಿನ ಮೂರು ನಟ್ಟುಗಳಿಗೆ ಸ್ಟೇನ್‌ಲೆಸ್ ಬೋಲ್ಟ್ ಹಾಕಿ, ಥ್ರೆಡ್ಡಿಗೆ ತಾಮ್ರದ ಗ್ರೀಸ್ ಹಚ್ಚಿ ಮುಚ್ಚಿದ್ದೇನೆ. ಎಳೆತ ಕಡಿಮೆಯಾಯಿತು ಅನ್ನಿಸಿದ ದಿನ ಬೋಲ್ಟ್ ತೆಗೆದು ಗೇಜ್ ಹಾಕಿದರೆ ಆಯಿತು, 110ಕ್ಕಿಂತ ಎಷ್ಟು ಮೇಲೆ ಹೋಗಿದೆ, ಯಾವ ಭಾಗದಲ್ಲಿ ಅಂತ ಗೊತ್ತಾಗುತ್ತದೆ.